ಹಳೆಯ ಫುಟ್‌ರೆಸ್ಟ್ ಸೆಟ್ಟಿಗೆ ಸ್ಪೇಸರ್: ಯಾವ ಅಳತೆ, ಯಾವ ಲೋಹ?

ಪ್ರಶ್ನೆ (ತೀರ್ಥಹಳ್ಳಿಯ ಸದಸ್ಯರು):
ನಮಸ್ಕಾರ ಸರ್. ನನ್ನ ಬೈಕಿಗೆ ಅಲ್ಯೂಮಿನಿಯಂ ಪ್ಲೇಟಿನ ಫುಟ್‌ರೆಸ್ಟ್ ಸೆಟ್ಟೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದೇನೆ. ಪ್ಲೇಟ್, ಪೆಡಲ್, ಗೇರ್ ರಾಡ್ ಎಲ್ಲವೂ ಚೆನ್ನಾಗಿವೆ. ಆದರೆ ಫ್ರೇಮಿಗೂ ಪ್ಲೇಟಿಗೂ ನಡುವೆ ಕೂರಬೇಕಾದ ಸ್ಪೇಸರ್‌ಗಳು ಮತ್ತು ಬೋಲ್ಟ್‌ಗಳು ಜೊತೆಯಲ್ಲಿ ಬರಲಿಲ್ಲ, ಮಾರಿದವರ ಬಳಿಯೂ ಇಲ್ಲ. ಫ್ರೇಮಿನಲ್ಲಿರುವುದು ಎಂ8 ಥ್ರೆಡ್, ಅಂದರೆ 8 ಮಿ.ಮೀ. ವ್ಯಾಸದ ಬೋಲ್ಟಿನದು. ನಾಲ್ಕೈದು ವಾಷರ್ ಪೋಣಿಸಿ ಬಿಗಿದರೆ ಸಾಕೆಂದು ಇಲ್ಲಿನ ಮೆಕ್ಯಾನಿಕ್ ಒಬ್ಬರು ಹೇಳುತ್ತಾರೆ. ಹಾಗೆ ಮಾಡಬಹುದೇ? ಮಾಡಿಸುವುದಾದರೆ ಲೇತಿನವರಿಗೆ ಯಾವ ಅಳತೆ ಕೊಡಬೇಕು?

ಉತ್ತರ (ಲೇತ್ ಕೆಲಸಗಾರರು, ಶಿವಮೊಗ್ಗ):
ದಯವಿಟ್ಟು ವಾಷರ್ ಪೋಣಿಸಿ ಓಡಿಸಬೇಡಿ. ಸ್ಪೇಸರ್ ಎಂಬುದು ಖಾಲಿ ಜಾಗ ತುಂಬುವ ತುಂಡಲ್ಲ. ಬೋಲ್ಟ್ ಬಿಗಿದಾಗ ಹುಟ್ಟುವ ಒತ್ತಡವೆಲ್ಲ ಅದರ ಮೂಲಕವೇ ಫ್ರೇಮಿಗೆ ಹೋಗುತ್ತದೆ ಮತ್ತು ಆ ಒತ್ತಡ ಉಳಿದಿರುವವರೆಗೆ ಮಾತ್ರ ಪ್ಲೇಟ್ ಅಲುಗದೆ ನಿಲ್ಲುತ್ತದೆ. ವಾಷರ್‌ಗಳು ಪ್ರೆಸ್ಸಿನಲ್ಲಿ ಕತ್ತರಿಸಿದವು, ಅವುಗಳ ಮುಖ ಪೂರ್ತಿ ಸಮತಟ್ಟಾಗಿರುವುದಿಲ್ಲ. ಕೆಲವು ದಿನ ಓಡಿಸಿದ ಮೇಲೆ ಅವು ಕುಗ್ಗಿ ಬಿಗಿ ಸಡಿಲವಾದರೆ, ಆಗುಂಬೆ ಘಾಟಿಯ ತಿರುವಿನಲ್ಲಿ ನೀವು ಕಾಲಿನ ಮೇಲೆ ಹಾಕುವ ಭಾರವನ್ನೆಲ್ಲ ಬೋಲ್ಟ್ ಒಂದೇ ಹೊರಬೇಕಾಗುತ್ತದೆ. ಅದು ಬಾಗುತ್ತದೆ, ಕೊನೆಗೆ ಮುರಿಯುತ್ತದೆ. ಬಲಗಡೆಯ ಪ್ಲೇಟಿನಲ್ಲಿ ಹಿಂದಿನ ಬ್ರೇಕಿನ ಪೆಡಲ್ ಕೂಡ ಇರುವುದನ್ನು ಮರೆಯಬಾರದು.

ಆದರೆ ಉದ್ದ ಕಂಡುಹಿಡಿಯುವುದಕ್ಕೆ ಅದೇ ವಾಷರ್‌ಗಳು ಬಹಳ ಉಪಯುಕ್ತ. ಬೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ವಾಷರ್‌ಗಳನ್ನು ಒಂದೊಂದಾಗಿ ಸೇರಿಸುತ್ತಾ ಪ್ಲೇಟನ್ನು ಕೈಬಿಗಿಯಲ್ಲಿ ಕೂರಿಸಿ, ಎಡಗಡೆ ಚೈನ್ ಮತ್ತು ಸ್ವಿಂಗ್ ಆರ್ಮ್‌ಗೆ (ಹಿಂಚಕ್ರವನ್ನು ಹಿಡಿದಿರುವ ತೋಳು), ಬಲಗಡೆ ಸೈಲೆನ್ಸರ್‌ಗೆ ಏನೂ ತಾಗದಿರುವುದನ್ನು ನೋಡಿ. ಸ್ವಿಂಗ್ ಆರ್ಮ್ ಮೇಲೆ ಕೆಳಗೆ ಚಲಿಸುವುದರಿಂದ, ಒಬ್ಬರನ್ನು ಹಿಂದೆ ಕೂರಿಸಿ ಸಸ್ಪೆನ್ಶನ್ ಒತ್ತಿಸಿ ನೋಡುವುದು ಅಗತ್ಯ. ಗೇರ್ ರಾಡ್ ಪಕ್ಕಕ್ಕೆ ವಾಲದೆ ನೇರವಾಗಿ ಬರಬೇಕು. ಬ್ರೇಕಿನ ಮಾಸ್ಟರ್ ಸಿಲಿಂಡರಿನ ತಳ್ಳುರಾಡ್ ಕೂಡ ಅಷ್ಟೇ ನೇರವಾಗಿರಬೇಕು. ಎಲ್ಲವೂ ಸರಿಯಾದಾಗ ಆ ವಾಷರ್‌ಗಳ ಒಟ್ಟು ದಪ್ಪವನ್ನು ವರ್ನಿಯರ್‌ನಲ್ಲಿ (ಸೂಕ್ಷ್ಮ ಅಳತೆಯ ಕ್ಯಾಲಿಪರ್) ಅಳೆಯಿರಿ, ಅದೇ ನಿಮ್ಮ ಉದ್ದ. ಬೇಕಾದ್ದಕ್ಕಿಂತ ಹೆಚ್ಚು ಇಡಬೇಡಿ, ಏಕೆಂದರೆ ಪ್ಲೇಟ್ ಹೊರಗೆ ಹೋದಷ್ಟೂ ಬೋಲ್ಟನ್ನು ಬಾಗಿಸುವ ಬಲ ಹೆಚ್ಚುತ್ತದೆ.

ಒಳರಂಧ್ರ 8.4 ಮಿ.ಮೀ., ಹೊರವ್ಯಾಸ 18 ಮಿ.ಮೀ. ಎಂದು ಬರೆದುಕೊಡಿ. ಎರಡೂ ಮುಖಗಳಿಗೆ ಲೇತಿನಲ್ಲೇ ಫೇಸಿಂಗ್, ಅಂದರೆ ಮುಖವನ್ನು ಸಮತಟ್ಟಾಗಿ ಕೆತ್ತುವ ಕೆಲಸ, ಆಗಬೇಕು; ಹ್ಯಾಕ್ಸಾದಲ್ಲಿ ಕತ್ತರಿಸಿ ಅರ ಹಾಕಿದ್ದು ಬೇಡ. ಒಂದೇ ಪ್ಲೇಟಿನ ಹಿಂದೆ, ಒಂದೇ ಮಟ್ಟದಲ್ಲಿ ಕೂರುವ ಸ್ಪೇಸರ್‌ಗಳ ಉದ್ದದಲ್ಲಿ 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಪ್ಲೇಟ್ ತಿರುಚಿಕೊಳ್ಳುತ್ತದೆ. ಲೋಹಕ್ಕೆ 6061 ಅಥವಾ 6082 ಎಂಬ ಮಿಶ್ರಲೋಹದ ಅಲ್ಯೂಮಿನಿಯಂ ಸರಳು ಸಾಕು. ಸಿಗದಿದ್ದರೆ ಮೈಲ್ಡ್ ಸ್ಟೀಲಿನಲ್ಲಿ ಮಾಡಿಸಿ ಜಿಂಕ್ ಲೇಪನ ಕೊಡಿಸಿ. ಇದು ಯಾವ ಟರ್ನರ್‌ಗೂ ಕಷ್ಟದ ಕೆಲಸವಲ್ಲ. ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಲೇತ್ ಅಂಗಡಿಗೆ ಹೋಗುವಾಗ ಪ್ಲೇಟ್ ಮತ್ತು ಬೋಲ್ಟನ್ನು ಕೈಯಲ್ಲೇ ಒಯ್ಯಿರಿ.

ಪ್ರಶ್ನೆ (ಸಾಗರದ ಸದಸ್ಯರು):
ನಮ್ಮ ಮಳೆಗೆ ಮಾಮೂಲಿ ಬೋಲ್ಟ್ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಬೋಲ್ಟ್ ಹಾಕಬಹುದಲ್ಲವೇ?

ಉತ್ತರ:
ತುಕ್ಕಿನ ಬಗ್ಗೆ ನಿಮ್ಮ ಕಾಳಜಿ ಸರಿಯಾದದ್ದೇ, ಆದರೂ ಈ ಜಾಗಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಅಂಗಡಿಯಲ್ಲಿ ಸಿಗುವ ಎ2-70 ಸ್ಟೇನ್‌ಲೆಸ್ ಬೋಲ್ಟ್ 450 ಮೆಗಾಪಾಸ್ಕಲ್ ಒತ್ತಡದಲ್ಲಿ ಶಾಶ್ವತವಾಗಿ ಹಿಗ್ಗಲು ತೊಡಗಿದರೆ, 8.8 ದರ್ಜೆಯ ಉಕ್ಕಿನ ಬೋಲ್ಟ್ 640ರವರೆಗೆ ತಡೆಯುತ್ತದೆ. ಅಲ್ಲದೆ ನೀರು ನಿಂತಲ್ಲಿ ಸ್ಟೇನ್‌ಲೆಸ್ ಪಕ್ಕದ ಅಲ್ಯೂಮಿನಿಯಂ ಸವೆದು ಬಿಳಿಪುಡಿಯಾಗುತ್ತದೆ. ಜಿಂಕ್ ಲೇಪಿತ 8.8 ಬೋಲ್ಟನ್ನೇ ಹಾಕಿ, ಸ್ಪೇಸರಿನ ಒಳರಂಧ್ರಕ್ಕೆ ತೆಳುವಾಗಿ ಗ್ರೀಸ್ ಸವರಿ, ಜೂನ್ ತಿಂಗಳಿಗೆ ಮುಂಚೆ ಒಮ್ಮೆ ಬಿಚ್ಚಿ ನೋಡಿ.

ಪ್ರಶ್ನೆ (ತೀರ್ಥಹಳ್ಳಿಯ ಸದಸ್ಯರು):
ಅಳೆದೆ ಸರ್. ಎಡಕ್ಕೆ 12, ಬಲಕ್ಕೆ 18 ಮಿ.ಮೀ. ಬಂತು. ಹೀಗೆ ಬೇರೆಬೇರೆ ಇರಬಹುದೇ? ಪ್ಲೇಟಿನ ದಪ್ಪ 8 ಮಿ.ಮೀ. ಇದೆ.

ಉತ್ತರ:
ಇರಬಹುದು, ಸೈಲೆನ್ಸರ್ ಇರುವ ಕಡೆ ಹೆಚ್ಚು ಅಂತರ ಬೇಕಾಗುವುದು ಸಹಜ. ಸ್ಪೇಸರ್, ಪ್ಲೇಟ್ ಮತ್ತು 1.6 ಮಿ.ಮೀ. ವಾಷರ್ ಸೇರಿದರೆ ಎಡಕ್ಕೆ 21.6, ಬಲಕ್ಕೆ 27.6 ಆಗುತ್ತದೆ. ಉಕ್ಕಿನ ಫ್ರೇಮಿನೊಳಗೆ ಕನಿಷ್ಠ 8 ಮಿ.ಮೀ. ಥ್ರೆಡ್ ಕಚ್ಚಬೇಕು, ಅಲ್ಯೂಮಿನಿಯಂ ಆಗಿದ್ದರೆ 12. ಆದ್ದರಿಂದ ಎಡಕ್ಕೆ 35, ಬಲಕ್ಕೆ 40 ಮಿ.ಮೀ. ಬೋಲ್ಟ್ ತನ್ನಿ. ಆದರೆ ತರುವ ಮೊದಲು ಫ್ರೇಮಿನ ರಂಧ್ರದ ಆಳವನ್ನು ವರ್ನಿಯರಿನ ಬಾಲದಿಂದ (ಅದರ ತುದಿಯಿಂದ ಹೊರಬರುವ ತೆಳು ಪಟ್ಟಿ) ಅಳೆಯಿರಿ. ಬೋಲ್ಟ್ ತಳಕ್ಕೆ ತಾಗಿ ನಿಂತರೆ ಪಾನಾಕ್ಕೆ ಬಿಗಿಯೆನಿಸಿದರೂ ಪ್ಲೇಟ್ ಸಡಿಲವಾಗಿಯೇ ಇರುತ್ತದೆ.