ಯೂಕಾನ್‌ಗೆ ಆರ್‌ವಿ ಪ್ರವಾಸ: ಆರು ಜನ, ಒಂದೇ ಗಾಡಿ, ಡೆಂಪ್‌ಸ್ಟರ್ ಹೆದ್ದಾರಿ – ಸಾಧ್ಯವೇ?

ಪ್ರಶ್ನೆ – ಬೋ ನದಿ ದಂಡೆ

ಎಲ್ಲರಿಗೂ ನಮಸ್ಕಾರ. ಕ್ಯಾಲ್ಗರಿಯಲ್ಲಿರುವ ನಾವು ನಾಲ್ವರು ಮತ್ತು ಸಿಯಾಟಲ್‌ನಿಂದ ಬಂದು ಕೂಡಿಕೊಳ್ಳಲಿರುವ ಇಬ್ಬರು, ಎಲ್ಲರೂ ಮೈಸೂರಿನಲ್ಲಿ ಒಟ್ಟಿಗೆ ಓದಿದವರು, ಆಗಸ್ಟ್ ಕೊನೆಯ ವಾರದಿಂದ ಸೆಪ್ಟೆಂಬರ್ ಎರಡನೆಯ ವಾರದವರೆಗೆ ಆರ್‌ವಿ (ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮನೆಗಾಡಿ) ಬಾಡಿಗೆಗೆ ಪಡೆದು ಉತ್ತರ ಕೆನಡಾ ಸುತ್ತಬೇಕೆಂದಿದ್ದೇವೆ. ಕ್ಯಾಲ್ಗರಿಯಿಂದ ಡಾಸನ್ ಕ್ರೀಕ್, ಅಲ್ಲಿಂದ ಅಲಾಸ್ಕಾ ಹೆದ್ದಾರಿಯಲ್ಲಿ ವೈಟ್‌ಹಾರ್ಸ್, ಮುಂದೆ ಡಾಸನ್ ಸಿಟಿ, ಆಮೇಲೆ ಡೆಂಪ್‌ಸ್ಟರ್ ಹೆದ್ದಾರಿ ಹಿಡಿದು ಇನುವಿಕ್ ದಾಟಿ ಟುಕ್ಟೊಯಾಕ್ಟಕ್‌ನಲ್ಲಿ ಆರ್ಕ್ಟಿಕ್ ಸಾಗರದ ನೀರು ಮುಟ್ಟಿ ಬರುವುದು ಸದ್ಯದ ಯೋಜನೆ. ಹಿಂದಿರುಗುವಾಗ ಸಮಯ ಉಳಿದರೆ ಅಲಾಸ್ಕಾದ ಒಂದು ಮೂಲೆಯನ್ನೂ ನೋಡುವ ಆಸೆಯಿದೆ.

ಮೂವತ್ತು ಅಡಿಯ ಒಂದೇ ಗಾಡಿಯಲ್ಲಿ ಆರು ಜನ ಇರಬಹುದೇ, ಅಥವಾ ಎರಡು ಚಿಕ್ಕ ಗಾಡಿಗಳು ಲೇಸೇ? ಡೆಂಪ್‌ಸ್ಟರ್ ರಸ್ತೆಯ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದರ ನಿಜವಾದ ಸ್ಥಿತಿ ಹೇಗಿದೆ? ನಮ್ಮಲ್ಲಿ ಇಬ್ಬರಿಗೆ ಮಾತ್ರ ದೊಡ್ಡ ವಾಹನ ಓಡಿಸಿದ ಅಭ್ಯಾಸವಿದೆ, ಮೂವರು ಶುದ್ಧ ಸಸ್ಯಾಹಾರಿಗಳು. ಹೋಗಿ ಬಂದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ – ಉತ್ತರವಾಸಿ

ಮೊದಲು ದೂರದ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿ. ಕ್ಯಾಲ್ಗರಿಯಿಂದ ವೈಟ್‌ಹಾರ್ಸ್‌ಗೆ ಸುಮಾರು 2,300 ಕಿ.ಮೀ., ಅಲ್ಲಿಂದ ಡಾಸನ್ ಸಿಟಿಗೆ 530, ಡಾಸನ್ನಿನಿಂದ ಇನುವಿಕ್‌ಗೆ ಸುಮಾರು 780, ಇನುವಿಕ್‌ನಿಂದ ಟುಕ್ಟೊಯಾಕ್ಟಕ್‌ಗೆ ಮತ್ತೆ 140. ಹೋಗಿ ಬರಲು ಏಳು ಸಾವಿರದ ಐನೂರು ಕಿಲೋಮೀಟರ್ ಆಗುತ್ತದೆ. ಎರಡು ವಾರದ ರಜೆಯಲ್ಲಿ ಇದನ್ನು ಮುಗಿಸುವುದೆಂದರೆ ಪ್ರತಿದಿನವೂ ಐನೂರು ಕಿಲೋಮೀಟರಿಗಿಂತ ಹೆಚ್ಚು ಓಡಿಸಬೇಕು, ಅದೂ ಅರ್ಧದಷ್ಟು ದಿನ ಮೋಡವೋ ಮಳೆಯೋ ಇರುವ ಕಾಲದಲ್ಲಿ, ಇಬ್ಬರೇ ಚಾಲಕರನ್ನು ಇಟ್ಟುಕೊಂಡು. ಆಗ ನೀವು ನೋಡುವುದು ಕಾಡನ್ನಲ್ಲ, ಮುಂದಿನ ಗಾಜನ್ನು.

ಹಾಗಾಗಿ ಟುಕ್ಟೊಯಾಕ್ಟಕ್ ಅನ್ನು ಈ ಸಲದ ಯೋಜನೆಯಿಂದ ತೆಗೆದುಬಿಡಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕ್ಯಾಲ್ಗರಿಯಿಂದ ವಿಮಾನದಲ್ಲಿ ವೈಟ್‌ಹಾರ್ಸ್‌ಗೆ ಬಂದು, ಗಾಡಿಯನ್ನು ಅಲ್ಲೇ ಬಾಡಿಗೆಗೆ ಪಡೆದು, ಕ್ಲುವಾನಿ ರಾಷ್ಟ್ರೀಯ ಉದ್ಯಾನ, ಡಾಸನ್ ಸಿಟಿ ಮತ್ತು ಟೂಂಬ್‌ಸ್ಟೋನ್ ಉದ್ಯಾನಗಳನ್ನು ನಿಧಾನವಾಗಿ ನೋಡಿದರೆ ಆರು ಮಂದಿಯ ಗೆಳೆತನವೂ ಉಳಿಯುತ್ತದೆ.

ಡೆಂಪ್‌ಸ್ಟರ್ ವಿಷಯದಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1979ರಲ್ಲಿ ಸಾರ್ವಜನಿಕರಿಗೆ ತೆರೆದ ಈ ರಸ್ತೆ ಡಾಸನ್ನಿನಿಂದ ಪೂರ್ವಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ ಕ್ಲೊಂಡೈಕ್ ಹೆದ್ದಾರಿಯಿಂದ ಕವಲೊಡೆದು ಉತ್ತರಕ್ಕೆ ಹೋಗುತ್ತದೆ. ಬಹುತೇಕ ಪೂರ್ತಿ ಜಲ್ಲಿಯದು. ನೆಲದಡಿಯಲ್ಲಿ ವರ್ಷವಿಡೀ ಹೆಪ್ಪುಗಟ್ಟಿರುವ ಮಣ್ಣು ಕರಗಿದರೆ ರಸ್ತೆಯೇ ಕುಸಿಯುವುದರಿಂದ, ಶಾಖ ಕೆಳಗಿಳಿಯದಂತೆ ಒಂದರಿಂದ ಎರಡು ಮೀಟರಿಗೂ ಹೆಚ್ಚು ದಪ್ಪದ ಜಲ್ಲಿಯ ಹಾಸನ್ನು ಹಾಕಿ ಅದರ ಮೇಲೆ ರಸ್ತೆ ಮಾಡಿದ್ದಾರೆ. ಅಂದರೆ ರಸ್ತೆ ಏರಿಯಂತೆ ಎತ್ತರದಲ್ಲಿದೆ, ಅಂಚು ಮೆದುವಾಗಿದೆ. ಎದುರಿನ ಲಾರಿಗೆ ದಾರಿ ಬಿಡಲು ಚಕ್ರವನ್ನು ಅಂಚಿನ ಆಚೆ ಇಳಿಸಿದರೆ ಭಾರದ ಗಾಡಿ ಹಾಗೆಯೇ ವಾಲುತ್ತದೆ. ದೂಳಡಗಿಸಲು ಕೆಲವು ಕಡೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕುತ್ತಾರೆ. ಒಂದು ಮಳೆ ಬಿದ್ದರೆ ಆ ಭಾಗ ಸಾಬೂನು ಸವರಿದಂತೆ ಜಾರುತ್ತದೆ. ಕೆಲವೆಡೆ ಚೂಪಾದ ಪದರಗಲ್ಲು ಮೇಲೆದ್ದಿರುತ್ತದೆ, ಟೈರುಗಳು ಹರಿಯುವುದು ಹೆಚ್ಚಾಗಿ ಅಲ್ಲೇ.

ಪೆಟ್ರೋಲ್ ಮತ್ತು ಊಟ ಎರಡೂ ಸಿಗುವ ಮೊದಲ ನೆಲೆ 369ನೇ ಕಿ.ಮೀ.ನಲ್ಲಿರುವ ಈಗಲ್ ಪ್ಲೇನ್ಸ್. ಆರ್ಕ್ಟಿಕ್ ವೃತ್ತ 405ರಲ್ಲಿ. ಆಮೇಲೆ ಪೀಲ್ ಮತ್ತು ಮೆಕೆಂಜಿ ನದಿಗಳನ್ನು ಉಚಿತ ದೋಣಿಗಳಲ್ಲಿ ದಾಟಬೇಕು. ನೀರು ಏರಿದರೆ ದೋಣಿ ನಿಲ್ಲುತ್ತದೆ, ನೀವೂ ನಿಲ್ಲುತ್ತೀರಿ. ಆರ್‌ವಿ ಬಾಡಿಗೆ ಕೊಡುವವರಲ್ಲಿ ಹೆಚ್ಚಿನವರು ಈ ರಸ್ತೆಗೆ ಅನುಮತಿಯನ್ನೇ ಕೊಡುವುದಿಲ್ಲ, ಕೊಟ್ಟರೂ ಹೆಚ್ಚುವರಿ ಶುಲ್ಕ ಮತ್ತು ಷರತ್ತುಗಳಿರುತ್ತವೆ. ಅನುಮತಿಯಿಲ್ಲದೆ ಹೋದರೆ ವಿಮೆ ಅನ್ವಯಿಸುವುದಿಲ್ಲ, ಅಲ್ಲಿಂದ ಗಾಡಿಯನ್ನು ಎಳೆದು ತರಿಸುವ ಖರ್ಚು ಪೂರ್ತಿ ನಿಮ್ಮದೇ.

ಆದರೆ 71ನೇ ಕಿ.ಮೀ.ವರೆಗೆ, ಅಂದರೆ ಟೂಂಬ್‌ಸ್ಟೋನ್ ಉದ್ಯಾನದ ಮಾಹಿತಿ ಕೇಂದ್ರ ಮತ್ತು ಕ್ಯಾಂಪ್‌ಗ್ರೌಂಡ್‌ವರೆಗೆ, ಅನುಮತಿ ಸಿಕ್ಕರೆ ಖಂಡಿತ ಹೋಗಿ. ಅದು ಟ್ರಾಂಡೆಕ್ ಹ್ವೆಚಿನ್ ಮೂಲನಿವಾಸಿಗಳ ಸಾಂಪ್ರದಾಯಿಕ ನೆಲ. ನೀವು ಹೇಳುವ ದಿನಗಳಲ್ಲಿ ಮರವಿಲ್ಲದ ಆ ಬೆಟ್ಟಗಳ ಮೇಲಿನ ಕುರುಚಲು ಗಿಡಗಳೆಲ್ಲ ಕೆಂಪು, ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತವೆ. ಜೂನ್, ಜುಲೈನಲ್ಲಿ ರಾತ್ರಿ ಕತ್ತಲಾಗುವುದೇ ಇಲ್ಲವಾದ್ದರಿಂದ ಧ್ರುವಪ್ರಭೆ ಕಾಣುವುದಿಲ್ಲ. ಆಗಸ್ಟ್ ಕೊನೆಗೆ ಕತ್ತಲು ಮರಳುತ್ತದೆ, ಸೊಳ್ಳೆಗಳೂ ಬಹುಪಾಲು ತೊಲಗಿರುತ್ತವೆ. ತಿಂಗಳ ಆಯ್ಕೆಯನ್ನು ಮಾತ್ರ ಬಹಳ ಚೆನ್ನಾಗಿ ಮಾಡಿದ್ದೀರಿ.

ಉತ್ತರ – ಗೇರ್‌ಬಾಕ್ಸ್

ಉತ್ತರವಾಸಿಯವರ ಲೆಕ್ಕ ಸರಿಯಾಗಿದೆ, ಆದರೆ ವಿಮಾನದ ಸಲಹೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. 1942ರಲ್ಲಿ ಅಮೆರಿಕದ ಸೈನ್ಯ ಯುದ್ಧಕಾಲದ ಅವಸರದಲ್ಲಿ ಕಡಿದು ಮಾಡಿದ ಅಲಾಸ್ಕಾ ಹೆದ್ದಾರಿಯೇ ಒಂದು ನೋಡಬೇಕಾದ ವಸ್ತು. ಫೋರ್ಟ್ ನೆಲ್ಸನ್ ದಾಟಿದ ಮೇಲೆ ಸ್ಟೋನ್ ಮೌಂಟನ್‌ನ ಏರು, ಮಂಚೊ ಸರೋವರದ ಹಸಿರುನೀಲಿ ನೀರು, ಲಿಯಾರ್ಡ್ ನದಿಯ ಬಿಸಿನೀರಿನ ಬುಗ್ಗೆ, ಅದರ ಮುಂದೆ ರಸ್ತೆಬದಿಯಲ್ಲಿ ಹಿಂಡುಹಿಂಡಾಗಿ ಮೇಯುವ ಕಾಡೆಮ್ಮೆಯಂಥ ಬೈಸನ್‌ಗಳು – ಇವೆಲ್ಲವನ್ನೂ ವಿಮಾನದಲ್ಲಿ ಬಂದವರು ಕಳೆದುಕೊಳ್ಳುತ್ತಾರೆ. ಗಾಡಿಯನ್ನು ಕ್ಯಾಲ್ಗರಿಯಲ್ಲಿ ಪಡೆದು ವೈಟ್‌ಹಾರ್ಸ್‌ನಲ್ಲಿ ಒಪ್ಪಿಸಿ, ಹಿಂದಿರುಗುವಾಗ ಮಾತ್ರ ವಿಮಾನ ಹತ್ತಿ. ಬೇರೆ ಊರಿನಲ್ಲಿ ಗಾಡಿ ಬಿಡುವುದಕ್ಕೆ ಹೆಚ್ಚು ಹಣ ಕೇಳುತ್ತಾರೆ, ನಿಜ. ಆರು ಭಾಗ ಮಾಡಿದರೆ ಅದು ಭಾರವಾಗಲಾರದು. ಈಗ ಈ ಹೆದ್ದಾರಿ ಉದ್ದಕ್ಕೂ ಟಾರು ಕಂಡಿದೆ, ದುರಸ್ತಿ ನಡೆಯುವ ಕಡೆ ಮಾತ್ರ ಜಲ್ಲಿ.

ಒಂದು ಗಾಡಿಯೋ ಎರಡೋ ಎಂಬ ಪ್ರಶ್ನೆಗೆ ನನ್ನ ಉತ್ತರ ಎರಡು. ಕರಪತ್ರದಲ್ಲಿ ಆರು ಜನ ಮಲಗಬಹುದೆಂದು ಬರೆದಿರುವುದರ ಅರ್ಥ, ಇಬ್ಬರು ಚಾಲಕನ ತಲೆಯ ಮೇಲಿನ ಅಟ್ಟದಲ್ಲಿ, ಇಬ್ಬರು ಊಟದ ಮೇಜನ್ನು ಮಡಚಿ ಮಾಡಿದ ಹಾಸಿಗೆಯಲ್ಲಿ ಮಲಗಬೇಕೆಂದು. ದಿನವೂ ಆ ಮೇಜನ್ನು ಬಿಚ್ಚಿ ಕಟ್ಟುವ ಕೆಲಸ ಯಾರದು ಎಂಬ ವಾದ ಬಹಳ ಬೇಗ ಶುರುವಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸುರಕ್ಷತೆ: ಮೊಬೈಲ್ ಸಂಕೇತವಿಲ್ಲದ ನೂರಾರು ಕಿಲೋಮೀಟರುಗಳಲ್ಲಿ ಒಂದು ಗಾಡಿ ಕೆಟ್ಟರೆ ಇನ್ನೊಂದು ಮುಂದಿನ ಊರಿಗೆ ಹೋಗಿ ಸಹಾಯ ತರಬಹುದು. ಎರಡು ಗಾಡಿಗೆ ಇಬ್ಬರೇ ಚಾಲಕರು ಸಾಲದು, ಆದ್ದರಿಂದ ಇನ್ನಿಬ್ಬರನ್ನು ಈಗಿನಿಂದಲೇ ತಯಾರು ಮಾಡಿ. ಸಾಮಾನ್ಯ ಕಾರಿನ ಲೈಸೆನ್ಸ್ ಇದ್ದರೆ ಇಷ್ಟು ಗಾತ್ರದ ಗಾಡಿ ಓಡಿಸಬಹುದು, ಆದರೆ ಹಿಂದಿನ ಚಕ್ರದಿಂದ ಆಚೆಗೆ ಉದ್ದವಾಗಿ ಚಾಚಿಕೊಂಡಿರುವ ಬಾಲ ತಿರುವಿನಲ್ಲಿ ಪಕ್ಕದ ಕಂಬಕ್ಕೆ ಹೇಗೆ ಬಡಿಯುತ್ತದೆಂಬುದನ್ನು ಖಾಲಿ ಪಾರ್ಕಿಂಗ್ ಜಾಗದಲ್ಲಿ ಕಲಿಯಬೇಕು.

ಗಾಡಿ ಪಡೆಯುವಾಗ ಸ್ಟೆಪ್ನಿ ಇದೆಯೇ ಎಂದು ಕಣ್ಣಾರೆ ನೋಡಿ. ಅನೇಕ ಬಾಡಿಗೆ ಆರ್‌ವಿಗಳಲ್ಲಿ ಇರುವುದೇ ಇಲ್ಲ. ಹಿಂದಿನ ಜೋಡಿ ಚಕ್ರಗಳ ನಡುವೆ ಕಲ್ಲು ಸಿಕ್ಕಿಕೊಂಡಿದೆಯೇ ಎಂದು ನಿಲ್ಲಿಸಿದಾಗಲೆಲ್ಲ ಬಗ್ಗಿ ನೋಡಿ. ದೊಡ್ಡ ಗಾಡಿ ನೂರು ಕಿಲೋಮೀಟರಿಗೆ 25ರಿಂದ 30 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಟ್ಯಾಂಕು ಸುಮಾರು 200 ಲೀಟರಿನದು, ಆದರೂ ಅರ್ಧಕ್ಕೆ ಇಳಿದ ಕೂಡಲೇ ತುಂಬಿಸುವುದು ಈ ದಾರಿಯ ರೂಢಿ, ಏಕೆಂದರೆ ಮುಂದಿನ ಬಂಕ್ ಮುಚ್ಚಿರಬಹುದು. ಸೆಪ್ಟೆಂಬರ್ ಮೊದಲ ಸೋಮವಾರದ ರಜೆ ಕಳೆಯಿತೆಂದರೆ ಬೇಸಿಗೆಯನ್ನೇ ನಂಬಿದ ವಸತಿಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ. ಮುಸ್ಸಂಜೆಯ ನಂತರ ಓಡಿಸಲೇಬೇಡಿ. ಕಪ್ಪು ರಸ್ತೆಯ ಮೇಲೆ ನಿಂತ ಕಪ್ಪು ಬೈಸನ್ ದೀಪದ ಬೆಳಕಿಗೆ ಬೀಳುವ ಹೊತ್ತಿಗೆ ಬ್ರೇಕಿಗೆ ಜಾಗವಿರುವುದಿಲ್ಲ.

ಉತ್ತರ – ಹುಳಿಪುಡಿ

ಗಂಡಸರಿಬ್ಬರೂ ಟೈರು, ಪೆಟ್ರೋಲಿನಲ್ಲೇ ನಿಂತುಬಿಟ್ಟಿದ್ದೀರಿ. ಆರು ಜನರ ಆರ್‌ವಿ ಪ್ರವಾಸವನ್ನು ತಡೆದು ನಿಲ್ಲಿಸುವುದು ನೀರು ಮತ್ತು ಶೌಚದ ಟ್ಯಾಂಕ್. ಇಂಥ ಗಾಡಿಗಳ ನೀರಿನ ಟ್ಯಾಂಕ್ ಸಾಮಾನ್ಯವಾಗಿ ನೂರರಿಂದ ಇನ್ನೂರು ಲೀಟರ್. ನಮ್ಮವರು ಮನೆಯಲ್ಲಿ ಪಾತ್ರೆ ತೊಳೆದಂತೆ ತೊಳೆದು, ದಿನವೂ ತಲೆಗೆ ಸ್ನಾನ ಮಾಡಿದರೆ ಮರುದಿನವೇ ಖಾಲಿ. ಯೂಕಾನ್ ಸರಕಾರದ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ವಿದ್ಯುತ್ ಸಂಪರ್ಕವಾಗಲಿ, ಗಾಡಿಗೆ ನೀರಿನ ಸಂಪರ್ಕವಾಗಲಿ ಇಲ್ಲ. ಕೈಪಂಪಿನ ನೀರನ್ನು ಕುದಿಸಿ ಕುಡಿಯಬೇಕು. ಆದರೆ ಸೌದೆಯ ಬೆಲೆ ಶುಲ್ಕದಲ್ಲೇ ಸೇರಿರುತ್ತದೆ, ಜಾಗವೂ ಅತ್ಯಂತ ಸುಂದರವಾಗಿರುತ್ತದೆ. ಬಹುಪಾಲು ಕಡೆ ಮೊದಲು ಬಂದವರಿಗೆ ಮೊದಲು ಜಾಗ, ಆದ್ದರಿಂದ ಮಧ್ಯಾಹ್ನ ಮೂರರೊಳಗೆ ತಲುಪುವುದು ಒಳ್ಳೆಯದು. ನಾಲ್ಕೈದು ದಿನಕ್ಕೊಮ್ಮೆ ಪಟ್ಟಣದ ಖಾಸಗಿ ಆರ್‌ವಿ ಪಾರ್ಕಿನಲ್ಲಿ ಉಳಿದು, ಟ್ಯಾಂಕ್ ಖಾಲಿ ಮಾಡಿಸಿ, ಬಟ್ಟೆ ಒಗೆದುಕೊಳ್ಳಿ. ಆ ಕೊಳವೆ ಜೋಡಿಸುವ ಕೆಲಸಕ್ಕೆ ಎಲ್ಲರಿಗೂ ಸರದಿ ಹಾಕಿ, ಇಲ್ಲವಾದರೆ ಅದು ಯಾವಾಗಲೂ ಗುಂಪಿನ ಅತ್ಯಂತ ಸಾಧು ಮನುಷ್ಯನ ಪಾಲಿಗೇ ಬರುತ್ತದೆ.

ಸಸ್ಯಾಹಾರಿಗಳು ದಾರಿಯ ಹೋಟೆಲುಗಳನ್ನು ನಂಬಬೇಡಿ. ಅಕ್ಕಿ, ತೊಗರಿಬೇಳೆ, ಅವಲಕ್ಕಿ, ಹುರಿದ ರವೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇವನ್ನು ಕ್ಯಾಲ್ಗರಿಯಿಂದಲೇ ಒಯ್ಯಿರಿ. ತರಕಾರಿಯನ್ನು ವೈಟ್‌ಹಾರ್ಸ್‌ನ ದೊಡ್ಡ ಅಂಗಡಿಗಳಲ್ಲಿ ತುಂಬಿಕೊಳ್ಳಬಹುದು. ಗಾಡಿಯಲ್ಲಿ ಗ್ಯಾಸ್ ಒಲೆಯಿರುತ್ತದೆ, ಆದ್ದರಿಂದ ಚಿಕ್ಕ ಕುಕ್ಕರ್ ಸಾಕು. ಆದರೆ ಅದೇ ಪ್ರೊಪೇನ್‌ನಿಂದ ಹೀಟರ್ ಮತ್ತು ಅನೇಕ ಗಾಡಿಗಳಲ್ಲಿ ಫ್ರಿಜ್ ಕೂಡ ನಡೆಯುತ್ತದೆ. ಸೆಪ್ಟೆಂಬರಿನ ರಾತ್ರಿ ಸೊನ್ನೆಗಿಂತ ಕೆಳಗಿಳಿಯುವಾಗ ಹೀಟರಿನ ಫ್ಯಾನ್ ಬ್ಯಾಟರಿಯನ್ನೂ ಹೀರುತ್ತದೆ, ಹಾಗಾಗಿ ಎರಡನ್ನೂ ಮಲಗುವ ಮುನ್ನ ನೋಡಿಕೊಳ್ಳಿ. ಒಳಗೆ ಅಡುಗೆ ಮಾಡುವಾಗ ಕಿಟಕಿಯನ್ನು ಸ್ವಲ್ಪ ತೆರೆದೇ ಇಡಿ. ಇಲ್ಲದಿದ್ದರೆ ಒಗ್ಗರಣೆಯ ಘಾಟಿಗೆ ಹೊಗೆಯ ಅಲಾರಂ ಕೂಗಿ ಕ್ಯಾಂಪಿನವರನ್ನೆಲ್ಲ ಎಬ್ಬಿಸುತ್ತದೆ.

ಕರಡಿಯ ವಿಷಯ. ಅದಕ್ಕೆ ಮಾಂಸ, ಸಾಂಬಾರು ಎಂಬ ಭೇದವಿಲ್ಲ. ತಟ್ಟೆ, ಕಸ, ತಣ್ಣನೆಯ ಪೆಟ್ಟಿಗೆ, ಟೂತ್‌ಪೇಸ್ಟ್ ಕೂಡ ಹೊರಗೆ ಉಳಿಯಬಾರದು. ಅಕ್ಕಿ ತೊಳೆದ ನೀರನ್ನು ಪೊದೆಗೆ ಚೆಲ್ಲುವ ಅಭ್ಯಾಸ ಬಿಡಿ. ನಡಿಗೆಗೆ ಹೋಗುವಾಗ ಮಾತಾಡುತ್ತಾ ಗುಂಪಾಗಿ ಹೋಗಿ, ಕರಡಿ ಸ್ಪ್ರೇ ಚೀಲದೊಳಗಲ್ಲ, ಸೊಂಟದಲ್ಲಿರಲಿ. ಅದನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಆದ್ದರಿಂದ ಹಿಂದಿರುಗುವಾಗ ಕ್ಯಾಂಪಿನಲ್ಲಿ ಬೇರೆಯವರಿಗೆ ಕೊಟ್ಟುಬಿಡಿ.

ಮರುಪ್ರಶ್ನೆ – ಬೋ ನದಿ ದಂಡೆ

ಮೂವರಿಗೂ ಧನ್ಯವಾದಗಳು. ಎಲ್ಲರೂ ಕುಳಿತು ಮಾತಾಡಿದೆವು. ಟುಕ್ಟೊಯಾಕ್ಟಕ್ ಬಿಟ್ಟೆವು, ಎರಡು ಚಿಕ್ಕ ಗಾಡಿಗಳಲ್ಲಿ ವೈಟ್‌ಹಾರ್ಸ್‌ವರೆಗೆ ರಸ್ತೆಯಲ್ಲಿ ಹೋಗಿ, ಟೂಂಬ್‌ಸ್ಟೋನ್ ನೋಡಿ, ವಿಮಾನದಲ್ಲಿ ಹಿಂದಿರುಗುವುದೆಂದು ತೀರ್ಮಾನವಾಯಿತು. ಉಳಿದದ್ದು ಎರಡು ವಿಷಯ: ಸಿಯಾಟಲ್‌ನ ಇಬ್ಬರೂ ಭಾರತೀಯ ಪಾಸ್‌ಪೋರ್ಟಿನವರು, ಒಬ್ಬರಿಗೆ ಗ್ರೀನ್ ಕಾರ್ಡ್ ಇದೆ, ಇನ್ನೊಬ್ಬರು ಎಚ್1ಬಿ ವೀಸಾದಲ್ಲಿದ್ದಾರೆ. ಅವರಿಗೆ ಏನೇನು ಬೇಕು? ಕಾಳ್ಗಿಚ್ಚು ಬಂದರೆ ಏನು ಮಾಡಬೇಕು?

ಉತ್ತರ – ಉತ್ತರವಾಸಿ

ಗ್ರೀನ್ ಕಾರ್ಡ್ ಇರುವವರು ಆ ಕಾರ್ಡ್ ಮತ್ತು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ತೋರಿಸಿ ಕೆನಡಾಕ್ಕೆ ಬರಬಹುದು, ಪ್ರತ್ಯೇಕ ವೀಸಾ ಬೇಕಿಲ್ಲ. ಎಚ್1ಬಿಯಲ್ಲಿರುವವರಿಗೆ ಕೆನಡಾದ ಸಂದರ್ಶಕ ವೀಸಾ ಬೇಕೇ ಬೇಕು, ಅದಕ್ಕೆ ಈಗಲೇ ಅರ್ಜಿ ಹಾಕಲು ಹೇಳಿ. ಜೊತೆಗೆ ಅವರ ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಮರಳಿ ಪ್ರವೇಶಿಸುವ ನಿಯಮಗಳನ್ನು ಹೊರಡುವ ಮೊದಲೇ ವಕೀಲರಲ್ಲಿ ವಿಚಾರಿಸಲಿ. ಅಲಾಸ್ಕಾದ ಆಸೆ ಇನ್ನೂ ಇದ್ದರೆ, ನಿಮ್ಮ ನಾಲ್ವರಲ್ಲಿ ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ಪಿಆರ್ (ಶಾಶ್ವತ ನಿವಾಸದ ಹಕ್ಕು) ಇದ್ದರೂ ಅಮೆರಿಕದ ವೀಸಾ ಬೇಕಾಗುತ್ತದೆ.

ಕಾಳ್ಗಿಚ್ಚಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2024ರ ಮೇ ತಿಂಗಳಿನಲ್ಲಿ ನಿಮ್ಮ ದಾರಿಯಲ್ಲೇ ಇರುವ ಫೋರ್ಟ್ ನೆಲ್ಸನ್ ಊರನ್ನು ಪೂರ್ತಿ ತೆರವುಗೊಳಿಸಬೇಕಾಯಿತು. ಅದಕ್ಕೆ ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಯೆಲ್ಲೋನೈಫ್‌ನ ಸುಮಾರು 20,000 ಜನರು ಊರು ಬಿಟ್ಟಿದ್ದರು. ಉತ್ತರದಲ್ಲಿ ಬಳಸುದಾರಿಗಳು ಬಹಳ ಕಡಿಮೆ, ಒಂದು ಹೆದ್ದಾರಿ ಮುಚ್ಚಿತೆಂದರೆ ಸಾವಿರ ಕಿಲೋಮೀಟರ್ ಸುತ್ತಬೇಕಾದೀತು, ಇಲ್ಲವೇ ಕಾಯಬೇಕು. ಬ್ರಿಟಿಷ್ ಕೊಲಂಬಿಯಾದೊಳಗೆ ಡ್ರೈವ್‌ಬಿಸಿ, ಯೂಕಾನ್‌ನಲ್ಲಿ 511 ಎಂಬ ರಸ್ತೆಸ್ಥಿತಿ ತಿಳಿಸುವ ಜಾಲತಾಣಗಳೆರಡನ್ನೂ ಸಂಪರ್ಕ ಸಿಕ್ಕ ಪ್ರತಿ ಊರಿನಲ್ಲಿ ನೋಡಿ, ವಿಮಾನದ ದಿನಕ್ಕೆ ಮುಂಚೆ ಎರಡು ದಿನ ಖಾಲಿ ಬಿಡಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವೊಂದನ್ನು ಬಾಡಿಗೆಗಾದರೂ ಪಡೆಯಿರಿ. ಹೊಸ ಐಫೋನ್‌ಗಳ ಉಪಗ್ರಹ ತುರ್ತುಕರೆ ಕೆನಡಾದಲ್ಲಿ ಕೆಲಸ ಮಾಡುತ್ತದೆ, ಆದರೆ ಅದು ಎರಡನೆಯ ಆಸರೆಯಾಗಿರಲಿ.

ಕೊನೆಯದಾಗಿ, ಟೂಂಬ್‌ಸ್ಟೋನ್‌ವರೆಗಿನ ಆ 71 ಕಿಲೋಮೀಟರಿಗೆ ಬಾಡಿಗೆಯವರ ಅನುಮತಿಯನ್ನು ಬಾಯಿಮಾತಿನಲ್ಲಿ ಪಡೆಯಬೇಡಿ. ಎರಡೂ ಗಾಡಿಗಳ ಒಪ್ಪಂದದಲ್ಲಿ ರಸ್ತೆಯ ಹೆಸರು ಮತ್ತು ಕಿಲೋಮೀಟರಿನ ಮಿತಿಯನ್ನು ಬರೆಸಿಕೊಂಡ ಮೇಲೆಯೇ ಮುಂಗಡ ಕಟ್ಟಿ.