ಹಬ್ಬಕ್ಕೆ ಎರಡೇ ದಿನ, ಇನ್ನೂ ಒಂದು ಸಾಮಾನೂ ತಂದಿಲ್ಲ: ಕ್ರಿಸ್‌ಮಸ್ ಖರೀದಿಯನ್ನು ಕೊನೆಗೆ ಉಳಿಸಿಕೊಂಡವರು ನಿಮ್ಮ ಅನುಭವ ಹೇಳಿ

ಕೇಳಿದವರು, ಡಿಸೆಂಬರ್ 22, ಸಂಜೆ

ಈ ಬಾರಿ ಕ್ರಿಸ್‌ಮಸ್ ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಯಲ್ಲಿ ಒಟ್ಟು ಹನ್ನೊಂದು ಜನ. ಪ್ರತಿ ವರ್ಷ ಈ ಅಡುಗೆಯ ಹೊಣೆ ಅತ್ತೆಯವರದು. ತಿಂಗಳ ಆರಂಭದಿಂದ ಅವರು ಆಸ್ಪತ್ರೆಯಲ್ಲಿದ್ದರು, ಮೊನ್ನೆಯಷ್ಟೇ ಮನೆಗೆ ಬಂದಿದ್ದಾರೆ. ಆಸ್ಪತ್ರೆಗೂ ಕಚೇರಿಗೂ ಓಡಾಡುವುದರಲ್ಲಿ ನಮಗೆ ಹಬ್ಬದ ಸಾಮಾನಿನ ಯೋಚನೆಯೇ ಬರಲಿಲ್ಲ. ಮೈದಾ, ಸಕ್ಕರೆ, ಎಣ್ಣೆ ಬಿಟ್ಟರೆ ಮನೆಯಲ್ಲಿ ಏನೂ ಇಲ್ಲ. ನಾಳೆ ಬೆಳಿಗ್ಗೆ ಎರಡು ಗಂಟೆಗಳ ಕಾಲ ಮತ್ತು ನಾಡಿದ್ದು ಮಧ್ಯಾಹ್ನದ ನಂತರ ನನಗೆ ಬಿಡುವಿದೆ. ಇರುವುದು ಒಂದೇ ಓವನ್, ಒಂದು ಚಿಕ್ಕ ಫ್ರಿಜ್. ಊಟಕ್ಕೆ ಕೂರುವವರಲ್ಲಿ ಇಬ್ಬರು ಸಸ್ಯಾಹಾರಿಗಳು, ಮೂವರು ಮಕ್ಕಳು. ಇಡೀ ಟರ್ಕಿ ಕೋಳಿಯನ್ನು ಈಗ ತಂದರೆ ಸಮಯ ಸಾಕಾಗುತ್ತದೆಯೇ? ಕೇಕಿಗೆ ಏನು ಮಾಡಲಿ? ಮೊದಲು ಯಾವುದನ್ನು ಕೊಳ್ಳಲಿ? ಅತ್ತೆಯವರು ಬಂದು ಕೂತಾಗ ಮೇಜು ಬರಿದಾಗಿ ಕಾಣಬಾರದು, ಅಷ್ಟೇ ನನ್ನ ಆಸೆ.

ನಿವೃತ್ತ ಅಡುಗೆ ಶಿಕ್ಷಕಿ

ಮೊದಲು ಅತ್ತೆಯವರು ಬೇಗ ಸುಧಾರಿಸಿಕೊಳ್ಳಲಿ ಎಂದು ಹಾರೈಸುತ್ತೇನೆ. ಇಂದು ರಾತ್ರಿ ಅಂಗಡಿಗೆ ಓಡಬೇಡಿ, ತಂಗಿ. ಕಾಲು ಗಂಟೆ ಕೂತು ಮೂರು ವಿಷಯ ಬರೆದುಕೊಳ್ಳಿ: ಯಾರು ಏನು ತಿನ್ನುವುದಿಲ್ಲ, ಓವನ್ನಿನ ಒಳ ಅಳತೆ ಎಷ್ಟು, ಫ್ರಿಜ್ಜಿನಲ್ಲಿ ಯಾವ ಶೆಲ್ಫನ್ನು ಖಾಲಿ ಮಾಡಬಹುದು. ಓವನ್ನಿಗೆ ಹಿಡಿಸದ ಕೋಳಿಯನ್ನು ಹಬ್ಬದ ಬೆಳಿಗ್ಗೆ ಕತ್ತರಿಸಲು ಕೂತ ಮನೆಗಳನ್ನು ನಾನು ನೋಡಿದ್ದೇನೆ. ಅಳತೆ ಪಟ್ಟಿ ಹಿಡಿದು ನೋಡುವುದರಲ್ಲಿ ಯಾವ ಸಂಕೋಚವೂ ಬೇಡ.

ನಾಳೆ ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದದ್ದು ಮಾಂಸ. ಅಂಗಡಿಯಲ್ಲಿ ಮುಗಿದುಹೋಗುತ್ತದೆ ಎಂಬ ಭಯಕ್ಕಲ್ಲ, ಅದಕ್ಕೆ ಬೇಕಾದ ಗಂಟೆಗಳನ್ನು ಎಲ್ಲಿಯೂ ಕೊಳ್ಳಲಾಗುವುದಿಲ್ಲ ಎಂಬ ಕಾರಣಕ್ಕೆ. ಮೂಳೆಸಹಿತ ಇಡೀ ಕೋಳಿಯಾದರೆ ತಲೆಗೆ ಸುಮಾರು ಅರ್ಧ ಕಿಲೋ ಲೆಕ್ಕ. ನಿಮ್ಮಲ್ಲಿ ಮಾಂಸ ತಿನ್ನುವವರು ಒಂಬತ್ತು ಜನ, ಅವರಲ್ಲಿ ಮಕ್ಕಳೂ ಇದ್ದಾರೆ. ಐದು ಕಿಲೋ ಧಾರಾಳವಾಗಿ ಸಾಕು. ತಾಜಾ ಸಿಕ್ಕಿದರೆ ನಿಮ್ಮ ಅರ್ಧ ಚಿಂತೆ ಅಲ್ಲಿಗೇ ಕಳೆಯಿತು. ಗಟ್ಟಿಯಾಗಿ ಹೆಪ್ಪುಗಟ್ಟಿದ್ದು ಮಾತ್ರ ಉಳಿದಿದ್ದರೆ ಲೆಕ್ಕ ಹಾಕಿ: 4 ಡಿಗ್ರಿ ಸೆಲ್ಸಿಯಸ್ಸಿನ ಫ್ರಿಜ್ಜಿನಲ್ಲಿ ಪ್ರತಿ ಎರಡು ಕಿಲೋ ಕರಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ಐದು ಕಿಲೋಗೆ ಎರಡೂವರೆ ದಿನ. ನಾಳೆ ಬೆಳಿಗ್ಗೆ ತಂದಿಟ್ಟರೆ ಹಬ್ಬದ ಬೆಳಿಗ್ಗೆಗೆ ಎರಡೇ ದಿನ ಆಗಿರುತ್ತದೆ.

ಮೂರು ಮಕ್ಕಳ ತಂದೆ

ನಾವು ಅಷ್ಟೆಲ್ಲ ಲೆಕ್ಕ ಹಾಕಿದವರಲ್ಲ. ಹಿಂದಿನ ರಾತ್ರಿ ಅಡುಗೆಕಟ್ಟೆಯ ಮೇಲೆ ಇಟ್ಟುಬಿಡುತ್ತೇವೆ, ಬೆಳಿಗ್ಗೆ ಮೆತ್ತಗಾಗಿರುತ್ತದೆ. ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ.

ಮಾಂಸದ ಅಂಗಡಿಯಲ್ಲಿ ಹದಿನಾಲ್ಕು ವರ್ಷ ದುಡಿದವರು

ಅಣ್ಣಾ, ನಿಮ್ಮ ಮನೆಯಲ್ಲಿ ಯಾರಿಗೂ ಏನೂ ಆಗದಿದ್ದುದು ಸಂತೋಷ. ಆದರೆ ಈ ಮನೆಗೆ ದಯವಿಟ್ಟು ಆ ಸಲಹೆ ಕೊಡಬೇಡಿ. ಆಸ್ಪತ್ರೆಯಿಂದ ಈಗಷ್ಟೇ ಬಂದ ಹಿರಿಯರಿದ್ದಾರೆ, ಮಕ್ಕಳಿದ್ದಾರೆ. ಕಟ್ಟೆಯ ಮೇಲಿಟ್ಟ ಕೋಳಿಯ ನಡುಭಾಗ ಕಲ್ಲಿನಂತೆ ಇರುವಾಗಲೇ ಹೊರಭಾಗ ಕೋಣೆಯ ಬಿಸಿಗೆ ಬಂದಿರುತ್ತದೆ. 4ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ವೇಗವಾಗಿ ಹೆಚ್ಚುತ್ತವೆ, ಆ ಹೊರಭಾಗ ರಾತ್ರಿಯಿಡೀ ಅಲ್ಲಿಯೇ ಇರುತ್ತದೆ.

ಅವಸರಕ್ಕೆ ಇರುವ ದಾರಿ ತಣ್ಣೀರು. ಸೋರದ ಚೀಲದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ ತಣ್ಣೀರಿನಲ್ಲಿಡಿ. ಅರ್ಧ ಗಂಟೆಗೊಮ್ಮೆ ನೀರು ಬದಲಿಸಲೇಬೇಕು. ಅರ್ಧ ಕಿಲೋಗೆ ಅರ್ಧ ಗಂಟೆಯಂತೆ ಐದು ಕಿಲೋಗೆ ಐದು ಗಂಟೆಯಾಗುತ್ತದೆ. ಬಿಸಿನೀರು ಬೇಡವೇ ಬೇಡ. ನೀರಿನಲ್ಲಿ ಕರಗಿಸಿದ್ದನ್ನು ಮತ್ತೆ ಫ್ರಿಜ್ಜಿಗೆ ಸೇರಿಸದೆ ನೇರವಾಗಿ ಒಲೆಗೆ ಏರಿಸಬೇಕು. ನಿಮ್ಮ ಜಾಗದಲ್ಲಿ ನಾನಿದ್ದರೆ ನಾಳೆ ತಂದದ್ದನ್ನು ಆಳವಾದ ತಟ್ಟೆಯಲ್ಲಿ ಫ್ರಿಜ್ಜಿನ ಕೆಳಗಿನ ಶೆಲ್ಫಿನಲ್ಲಿಡುತ್ತಿದ್ದೆ. ಹಬ್ಬದ ದಿನ ಬೆಳಗಿನ ಜಾವ ಹೊಟ್ಟೆಯೊಳಗೆ ಕೈ ಹಾಕಿ ನೋಡಿ, ಮಂಜು ಉಳಿದಿದ್ದರೆ ಆ ಉಳಿದಷ್ಟಕ್ಕೆ ಮಾತ್ರ ತಣ್ಣೀರಿನ ದಾರಿ ಹಿಡಿಯುತ್ತಿದ್ದೆ. 165 ಡಿಗ್ರಿಯ ಓವನ್ನಿನಲ್ಲಿ ಐದು ಕಿಲೋಗೆ ಸುಮಾರು ಮೂರು ಗಂಟೆ ಬೇಕು. ಗಡಿಯಾರಕ್ಕಿಂತ ಥರ್ಮಾಮೀಟರನ್ನು ನಂಬಿ. ತೊಡೆಯ ದಪ್ಪ ಭಾಗದಲ್ಲಿ, ಮೂಳೆಗೆ ತಾಗದಂತೆ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯುವುದೂ ಬೇಡ, ಆ ಹನಿಗಳು ಪಾತ್ರೆಗಳ ಮೇಲೆಲ್ಲ ಹಾರುತ್ತವೆ.

ಇನ್ನೊಂದು ಮಾತು. ಇಡೀ ಕೋಳಿಯೇ ಆಗಬೇಕೆಂಬ ಹಟವಿಲ್ಲದಿದ್ದರೆ ಎದೆ ಮತ್ತು ಕಾಲುಗಳ ತುಂಡುಗಳನ್ನು ಕೇಳಿ ತನ್ನಿ. ಇಡೀ ಕೋಳಿ ಖಾಲಿಯಾದ ಮೇಲೂ ಅವು ಎಷ್ಟೋ ಸಲ ಉಳಿದಿರುತ್ತವೆ. ಬೇಗ ಕರಗುತ್ತವೆ, ಬೇಗ ಬೇಯುತ್ತವೆ, ಎದೆಯ ಮಾಂಸ ಒಣಗುವುದಕ್ಕೆ ಮೊದಲೇ ಅದನ್ನು ಹೊರತೆಗೆಯಬಹುದು. ರುಚಿಯಲ್ಲಿ ನನಗೆ ಅದೇ ಹೆಚ್ಚು.

ಮೂರು ಮಕ್ಕಳ ತಂದೆ

ಹೊರಗೆ ಬೆಚ್ಚಗೆ, ಒಳಗೆ ಕಲ್ಲು ಎಂಬುದನ್ನು ನಾನು ಯೋಚಿಸಿರಲಿಲ್ಲ. ಈ ವರ್ಷ ನಮ್ಮ ಕೋಳಿಯೂ ಫ್ರಿಜ್ಜಿನಲ್ಲೇ ಕರಗಲಿದೆ. ತಿಳಿಸಿದ್ದಕ್ಕೆ ಧನ್ಯವಾದ.

ದಿನಸಿ ಅಂಗಡಿಯ ಕೌಂಟರಿನಲ್ಲಿರುವವರು

ನಾನು ಕೌಂಟರಿನ ಈಚೆಯಿಂದ ಹೇಳುತ್ತೇನೆ. ನಾಳೆ ಬಾಗಿಲು ತೆರೆಯುವ ಹೊತ್ತಿಗೇ ಬನ್ನಿ. ನಮ್ಮಲ್ಲಿ ರಾತ್ರಿಯೇ ಸಾಮಾನು ತುಂಬಿಸುತ್ತೇವೆ, ಬೆಳಗಿನ ಮೊದಲ ಗಂಟೆಯಲ್ಲಿ ಕಪಾಟುಗಳು ತುಂಬಿರುತ್ತವೆ, ಸಾಲೂ ಚಿಕ್ಕದು. 24ರ ಮಧ್ಯಾಹ್ನದ ನಂತರ ಹೊಸ ಸರಕು ಬರುತ್ತದೆಂದು ನಂಬಬೇಡಿ, ಅಂದು ಅನೇಕ ಅಂಗಡಿಗಳು ಬೇಗ ಮುಚ್ಚುತ್ತವೆ. ಹೊರಡುವ ಮೊದಲು ಫೋನ್ ಮಾಡಿ ಮುಚ್ಚುವ ಸಮಯ ಕೇಳಿ. ಮನೆಗೆ ತಲುಪಿಸುವ ಸೇವೆಯನ್ನು ಈಗ ಹುಡುಕುತ್ತಾ ಕೂರುವುದು ವ್ಯರ್ಥ, ಹಬ್ಬದ ವಾರದ ಸಮಯಗಳು ಬಹಳ ಮೊದಲೇ ತುಂಬಿಹೋಗಿರುತ್ತವೆ.

ನನ್ನ ಕಣ್ಣೆದುರು ಮೊದಲು ಖಾಲಿಯಾಗುವುದು ತಾಜಾ ಕ್ರೀಮ್, ಉಪ್ಪಿಲ್ಲದ ಬೆಣ್ಣೆ, ಐಸಿಂಗ್ ಸಕ್ಕರೆ, ಯೀಸ್ಟ್, ಅಲ್ಯೂಮಿನಿಯಂ ಹಾಳೆ ಮತ್ತು ಬೇಕಿಂಗ್ ಕಾಗದ. ಕೊನೆಯ ಎರಡನ್ನು ಯಾರೂ ಪಟ್ಟಿಯಲ್ಲಿ ಬರೆದಿರುವುದಿಲ್ಲ, ಎಲ್ಲರೂ ಕೊನೆಗೆ ಅದಕ್ಕಾಗಿಯೇ ಓಡಿ ಬರುತ್ತಾರೆ. ತಾಜಾ ಕ್ರೀಮ್ ಸಿಗದಿದ್ದರೆ ಪೆಟ್ಟಿಗೆಯಲ್ಲಿ ಬರುವ, ಬಹುಕಾಲ ಕೆಡದ ಕ್ರೀಮ್ ನೋಡಿ. ಕಡೆಯಲು ಬೇಕಾದರೆ ಕೊಬ್ಬಿನ ಅಂಶ 30 ಶೇಕಡಾಕ್ಕಿಂತ ಕಡಿಮೆ ಇರಬಾರದು, ಕಡೆಯುವ ಮುನ್ನ ಚೆನ್ನಾಗಿ ತಣ್ಣಗಿರಬೇಕು.

ಪಟ್ಟಿಯನ್ನು ಅಂಗಡಿಯ ಸಾಲುಗಳ ಕ್ರಮದಲ್ಲಿ ಬರೆದು ಎರಡು ತುಂಡು ಮಾಡಿ, ಒಂದನ್ನು ಮನೆಯವರ ಕೈಗೆ ಕೊಡಿ. ಹೆಪ್ಪುಗಟ್ಟಿದ್ದನ್ನು ಬುಟ್ಟಿಗೆ ಕೊನೆಯಲ್ಲಿ ಹಾಕಿ. ಬೇಕಾದದ್ದು ಕಾಣದಿದ್ದರೆ ನಮ್ಮನ್ನು ಕೇಳಿ, ಎಷ್ಟೋ ಸಲ ಒಳಗೆ ಗಾಡಿಯಲ್ಲಿ ಇದ್ದೇ ಇರುತ್ತದೆ. ಈ ವಾರ ಬೆಳಗಿನಿಂದ ನಿಂತೇ ಇರುತ್ತೇವೆ. ಹೆಸರು ಹಿಡಿದು ಒಂದು ಮಾತು ಆಡಿದವರಿಗಾಗಿ ಒಳಗೆ ಹೋಗಿ ಹುಡುಕಿ ತರಲು ನನಗೆ ನಿಜವಾಗಿಯೂ ಖುಷಿಯಾಗುತ್ತದೆ.

ಪ್ರತಿ ವರ್ಷ ಕೇಕ್ ಮಾಡುವವರು

ಕೇಕನ್ನು ಕೈಬಿಡಬೇಡಿ. ವಾರಗಟ್ಟಲೆ ನೆನೆದ ಹಣ್ಣಿನ ಆಳ ಒಂದೇ ರಾತ್ರಿಯಲ್ಲಿ ಬರುವುದಿಲ್ಲ ಎಂಬುದು ನಿಜ. ಆದರೆ ಕುದಿಸಿ ಮಾಡುವ ಹಣ್ಣಿನ ಕೇಕಿಗೆ ಅದರದೇ ರುಚಿ ಇದೆ. ಒಣದ್ರಾಕ್ಷಿ ಮತ್ತು ಇತರ ಒಣಹಣ್ಣುಗಳನ್ನು ಬೆಣ್ಣೆ, ಕಂದು ಸಕ್ಕರೆ, ಕಿತ್ತಳೆ ರಸ, ದಾಲ್ಚಿನ್ನಿ ಪುಡಿಯೊಂದಿಗೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಹಣ್ಣುಗಳು ಉಬ್ಬಿ ಹೊಳೆಯುತ್ತವೆ. ಪೂರ್ತಿ ಆರಿದ ಮೇಲೆ ಮೊಟ್ಟೆ, ಬೇಕಿಂಗ್ ಪೌಡರ್ ಬೆರೆಸಿದ ಮೈದಾ ಸೇರಿಸಿ ಬೇಯಿಸಿ. ಆರುವ ಮೊದಲೇ ಮೊಟ್ಟೆ ಹಾಕಿದರೆ ಅದು ಅಲ್ಲಿಯೇ ಬೆಂದುಹೋಗುತ್ತದೆ, ಅಷ್ಟು ಎಚ್ಚರವಿರಲಿ. 23ರ ರಾತ್ರಿ ಮಾಡಿ ಸುತ್ತಿಟ್ಟರೆ 25ಕ್ಕೆ ಇನ್ನೂ ಮೆತ್ತಗಾಗಿರುತ್ತದೆ, 24ರಂದು ಓವನ್ನೂ ಖಾಲಿ ಸಿಗುತ್ತದೆ. ಸಾಧ್ಯವಾದರೆ ಹಿಟ್ಟು ಕಲಸುವಾಗ ಅತ್ತೆಯವರನ್ನು ಅಡುಗೆಮನೆಯಲ್ಲಿ ಒಂದು ಕುರ್ಚಿಯಲ್ಲಿ ಕೂರಿಸಿಕೊಳ್ಳಿ. ದಾಲ್ಚಿನ್ನಿ ಎಷ್ಟು ಬೇಕೆಂದು ಅವರು ಹೇಳಲಿ.

ಸಸ್ಯಾಹಾರಿ ಅತಿಥಿ

ಪ್ರತಿ ವರ್ಷ ಯಾರದೋ ಮನೆಯಲ್ಲಿ ಆ ಇಬ್ಬರಲ್ಲಿ ನಾನೊಬ್ಬಳು. ನಮಗಾಗಿ ವಿಶೇಷ ಪದಾರ್ಥ ಹುಡುಕಿ ಅಲೆಯಬೇಡಿ. ಆಲೂಗಡ್ಡೆಯನ್ನು ಕೋಳಿಯ ಕೊಬ್ಬಿನಲ್ಲಿ ಹುರಿಯದೆ ಎಣ್ಣೆಯಲ್ಲಿ ಹುರಿದರೆ, ಈರುಳ್ಳಿ ಮತ್ತು ಅಣಬೆಯ ಗಟ್ಟಿ ಸಾರನ್ನು ಬೇರೆ ಪಾತ್ರೆಯಲ್ಲಿ ಮಾಡಿದರೆ, ಬಡಿಸುವ ಚಮಚ ಬೇರೆಯಾಗಿದ್ದರೆ ನಮ್ಮ ತಟ್ಟೆ ತುಂಬುತ್ತದೆ. ಮಾಂಸ ತಿನ್ನುವವರೂ ಅದನ್ನೇ ತಿನ್ನುವುದರಿಂದ ನಿಮ್ಮ ಪಟ್ಟಿ ಉದ್ದವಾಗುವುದಿಲ್ಲ.

ನಿವೃತ್ತ ಅಡುಗೆ ಶಿಕ್ಷಕಿ

ಒಂದೇ ಓವನ್ನಿನ ವಿಷಯ ಮರೆತಿದ್ದೆ. ಕೋಳಿ ಹೊರಬಂದ ಮೇಲೆ ಕತ್ತರಿಸುವ ಮುನ್ನ ಅರ್ಧ ಗಂಟೆ ಹಾಗೆಯೇ ಇರಬೇಕು, ಇಲ್ಲದಿದ್ದರೆ ರಸವೆಲ್ಲ ಹಲಗೆಯ ಮೇಲೆ ಹರಿದುಹೋಗುತ್ತದೆ. ಮೊದಲೇ ಬೇಯಿಸಿಟ್ಟ ಆಲೂಗಡ್ಡೆಯನ್ನು ಓವನ್ನಿನ ಉರಿ ಹೆಚ್ಚಿಸಿ ಆ ಅರ್ಧ ಗಂಟೆಯಲ್ಲಿ ಕೆಂಪಗೆ ಮಾಡಿಕೊಳ್ಳಿ. ಊಟ ಮುಗಿದ ಮೇಲೆ ಉಳಿದ ಮಾಂಸವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ನಾಲ್ಕು ದಿನಗಳಲ್ಲಿ ಮುಗಿಸಿ.

ಒಂದು ವರ್ಷ ಖಾಲಿ ಕಪಾಟು ಕಂಡವರು

ನಮ್ಮ ತಂದೆ ತೀರಿಕೊಂಡ ವರ್ಷ ನಾನೂ ತಮ್ಮನೂ 24ರ ಸಂಜೆ, ಅಂಗಡಿ ಮುಚ್ಚಲು ಅರ್ಧ ಗಂಟೆ ಇರುವಾಗ ಹೋಗಿದ್ದೆವು. ಮಾಂಸದ ಸಾಲು ಪೂರ್ತಿ ಖಾಲಿ. ಕ್ಯಾರೆಟ್, ಒಂದು ಚೀಲ ಆಲೂಗಡ್ಡೆ, ದಿನಾಂಕ ಮುಗಿಯಲಿದ್ದುದರಿಂದ ಬೆಲೆ ಇಳಿಸಿದ್ದ ಎರಡು ಚೀಸ್, ನಾಲ್ಕು ಬ್ರೆಡ್ಡು ಸಿಕ್ಕವು. ಅಮ್ಮನಿಗೆ ಹೇಗೆ ಮುಖ ತೋರಿಸುವುದು ಎಂದು ಕಾರಿನಲ್ಲಿ ಇಬ್ಬರೂ ಅತ್ತೆವು. ಅಮ್ಮ ಚೀಲ ಬಿಚ್ಚಿ ನೋಡಿ, ಏನೂ ಹೇಳದೆ ಕ್ಯಾರೆಟ್ ಸುಲಿಯಲು ಕೂತರು. ಗಟ್ಟಿ ತರಕಾರಿ ಸೂಪು, ಅದರ ಮೇಲೆ ಚೀಸ್ ಕರಗಿಸಿದ ಸುಟ್ಟ ಬ್ರೆಡ್ಡು. ತಂದೆ ಕೂರುತ್ತಿದ್ದ ಜಾಗದಲ್ಲಿ ತಮ್ಮ ಕೂತ. ಈಗಲೂ ಪ್ರತಿ 24ರ ರಾತ್ರಿ ನಮ್ಮ ಮನೆಯಲ್ಲಿ ಅದೇ ಊಟ, ಅದಕ್ಕೆಂದೇ ಕ್ಯಾರೆಟ್ ತರುತ್ತೇವೆ.

ಬೆಲೆ ಇಳಿಸಿದ ಸಾಮಾನು ಕೊಳ್ಳುವಾಗ ಒಂದು ವ್ಯತ್ಯಾಸ ಗಮನಿಸಿ. ‘ಈ ದಿನಾಂಕದೊಳಗೆ ಬಳಸಿ’ ಎಂದಿದ್ದರೆ ಅದು ಸುರಕ್ಷತೆಯ ಮಾತು, ಮೀರಬಾರದು. ‘ಈ ದಿನಾಂಕದವರೆಗೆ ಉತ್ತಮ’ ಎಂದಿದ್ದರೆ ಅದು ರುಚಿ, ಗುಣಮಟ್ಟದ ಮಾತು.

ಕೇಳಿದವರು, ಡಿಸೆಂಬರ್ 23, ರಾತ್ರಿ

ಬಾಗಿಲು ತೆರೆಯುವಾಗಲೇ ಹೋಗಿದ್ದೆವು. ತಾಜಾ ಕೋಳಿ ಇರಲಿಲ್ಲ. ಹೆಪ್ಪುಗಟ್ಟಿದ್ದರಲ್ಲಿ 4.8 ಕಿಲೋದ್ದು ಸಿಕ್ಕಿತು, ಓವನ್ನಿಗೆ ಹಿಡಿಸುತ್ತದೆ. ಪಟ್ಟಿಯನ್ನು ಎರಡು ತುಂಡು ಮಾಡಿದ್ದರಿಂದ ಒಂದು ಗಂಟೆಯಲ್ಲಿ ಹೊರಗೆ ಬಂದೆವು. ಬೇಕಿಂಗ್ ಕಾಗದ ಕಾಣಲಿಲ್ಲ, ಕೇಳಿದ್ದಕ್ಕೆ ಅಂಗಡಿಯ ಹುಡುಗಿ ಒಳಗಿನಿಂದ ತಂದುಕೊಟ್ಟಳು. ಕೇಕ್ ಈಗ ಆರುತ್ತಿದೆ. ಅತ್ತೆಯವರು ದಾಲ್ಚಿನ್ನಿಯನ್ನು ಎರಡು ಸಲ ಹೆಚ್ಚು ಹಾಕಿಸಿದರು.

ಕೇಳಿದವರು, ಡಿಸೆಂಬರ್ 25, ಬೆಳಿಗ್ಗೆ 6:40

ಹೊಟ್ಟೆಯೊಳಗೆ ಇನ್ನೂ ಮಂಜುಗಡ್ಡೆ ಇತ್ತು. ಆರು ಗಂಟೆಗೆ ನೀರಿನಲ್ಲಿ ಮುಳುಗಿಸಿದೆವು, ಈಗಷ್ಟೇ ಮೊದಲ ಸಲ ನೀರು ಬದಲಿಸಿದ್ದಾಯಿತು. ಮನೆಯವರು ಮೊಬೈಲಿನಲ್ಲಿ ಅರ್ಧ ಗಂಟೆಗೆ ಅಲಾರಾಂ ಇಟ್ಟುಕೊಂಡು ಬಕೆಟ್ಟಿನ ಪಕ್ಕದಲ್ಲೇ ಕೂತಿದ್ದಾರೆ. ಒಂಬತ್ತಕ್ಕೆ ಓವನ್, ಹನ್ನೆರಡಕ್ಕೆ ಆಲೂಗಡ್ಡೆ, ಒಂದು ಗಂಟೆಗೆ ಊಟ. ಅತ್ತೆಯವರು ಎದ್ದು ಬಂದು, ಆಲೂಗಡ್ಡೆ ಸುಲಿಯುವ ಚಾಕು ಎಲ್ಲಿದೆ ಎಂದು ಕೇಳುತ್ತಿದ್ದಾರೆ.