ಮೋಟಾರ್ ದೋಣಿ ಬರುವಾಗ ಕ್ಯಾನೋ ಎತ್ತ ಸರಿಯಬೇಕು? ನದಿ ಹಂಚಿಕೊಳ್ಳುವ ಬಗ್ಗೆ ಪ್ರಶ್ನೋತ್ತರ

ತರಬೇತುದಾರರು: ಗುಂಪಿನ ಎಲ್ಲರಿಗೂ ನಮಸ್ಕಾರ. ಕ್ಯಾನೋ ಎಂಬ ಕಿರಿದಾದ ದೋಣಿಯಲ್ಲಿ ಹುಟ್ಟು ಹಾಕುವವರಿಗೂ ಮೋಟಾರ್ ದೋಣಿ ನಡೆಸುವವರಿಗೂ ಇಪ್ಪತ್ತು ವರ್ಷಗಳಿಂದ ಕಲಿಸುತ್ತಿದ್ದೇನೆ. ಬೆಳಗ್ಗೆ ಒಬ್ಬರ ದೂರು ಕೇಳಿದರೆ ಮಧ್ಯಾಹ್ನ ಇನ್ನೊಬ್ಬರದು. ಎರಡರಲ್ಲೂ ಸತ್ಯವಿರುತ್ತದೆ. ಆದರೆ ಎದುರಿನ ದೋಣಿಯಲ್ಲಿ ಕುಳಿತವರ ಕಣ್ಣಿಗೆ ಏನು ಬೀಳುತ್ತದೆ, ಏನು ಬೀಳುವುದಿಲ್ಲ ಎಂದು ಇಬ್ಬರೂ ಯೋಚಿಸಿರುವುದಿಲ್ಲ. ಇವತ್ತು ಸಂಜೆಯವರೆಗೆ ಇಲ್ಲೇ ಇರುತ್ತೇನೆ, ಕೇಳಿ.

ಕ್ಯಾನೋ ಕಲಿಯುತ್ತಿರುವವರು: ಸರ್, ಕಳೆದ ವಾರ ದಂಡೆಗೆ ಅಂಟಿಕೊಂಡೇ ಹೋಗುತ್ತಿದ್ದೆ. ಒಂದು ಮೋಟಾರ್ ದೋಣಿ ಪೂರ್ತಿ ವೇಗದಲ್ಲಿ ಹೋಯಿತು, ಸಣ್ಣ ಅಲೆ ಬಂತು, ತೊಂದರೆಯಾಗಲಿಲ್ಲ. ಆಮೇಲೆ ಬಂದವರು ನನ್ನನ್ನು ನೋಡಿ ಕೈ ಬೀಸಿ, ನನ್ನ ಪಕ್ಕಕ್ಕೆ ಬಂದಾಗ ವೇಗವನ್ನೂ ತಗ್ಗಿಸಿದರು. ಆದರೆ ಅವರ ಅಲೆಗೆ ಕ್ಯಾನೋದೊಳಗೆ ನೀರು ತುಂಬಿತು. ವೇಗ ತಗ್ಗಿಸಿದರೂ ಅಲೆ ದೊಡ್ಡದಾಗುವುದು ಹೇಗೆ?

ತರಬೇತುದಾರರು: ಅವರ ಮನಸ್ಸು ಒಳ್ಳೆಯದೇ, ಲೆಕ್ಕ ತಪ್ಪಿತು. ಮೋಟಾರ್ ದೋಣಿ ನಿಧಾನವಾಗಿ ಹೋಗುವಾಗ ನೀರಿನೊಳಗೆ ಸಮವಾಗಿ ಕುಳಿತಿರುತ್ತದೆ, ಅಲೆ ಚಿಕ್ಕದು. ಪೂರ್ತಿ ವೇಗದಲ್ಲಿ ನೀರಿನ ಮೇಲಕ್ಕೆದ್ದು ಜಾರುತ್ತದೆ. ಆಗಲೂ ಹಗುರವಾದ ದೋಣಿಯ ಅಲೆ ಅಷ್ಟೇನೂ ದೊಡ್ಡದಿರುವುದಿಲ್ಲ. ಇವೆರಡರ ನಡುವಿನ ವೇಗವೇ ಕೆಟ್ಟದ್ದು. ಮೂತಿ ಮೇಲೆದ್ದು, ಹಿಂಭಾಗ ಹುಗಿದುಕೊಂಡು, ದೋಣಿ ಒಂದು ನೀರಿನ ದಿಬ್ಬವನ್ನೇ ಎಳೆದುಕೊಂಡು ಬರುತ್ತದೆ. ಅರ್ಧ ಥ್ರಾಟಲ್ (ಎಂಜಿನ್ ವೇಗ ಏರಿಸುವ ಹಿಡಿ) ಎಂದರೆ ಅರ್ಧ ಅಲೆ ಎಂದುಕೊಂಡವರು ಬಹಳ ಮಂದಿ. ಅಲೆಯ ಎತ್ತರ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಎರಡನೆಯ ತಪ್ಪು, ಪಕ್ಕಕ್ಕೆ ಬಂದ ಮೇಲೆ ತಗ್ಗಿಸಿದ್ದು. ದೋಣಿ ನಿಧಾನವಾದರೂ ಅದರ ಬೆನ್ನಿಗಿದ್ದ ಅಲೆ ನಿಧಾನವಾಗುವುದಿಲ್ಲ. ಅದು ಹಿಂದಿನಿಂದ ಬಂದು ಅವರದೇ ದೋಣಿಯನ್ನು ಎತ್ತಿಹಾಕಿ, ಮುಂದೆ ಸಾಗಿ ನಿಮಗೆ ಬಡಿಯುತ್ತದೆ. ಆದ್ದರಿಂದ ವೇಗ ಇಳಿಸುವುದಾದರೆ ಬಹಳ ಮೊದಲೇ ಇಳಿಸಬೇಕು, ಪೂರ್ತಿ ಇಳಿಸಬೇಕು. ಮೀಟರ್ ನೋಡಬೇಡಿ, ತಿರುಗಿ ಹಿಂದೆ ನೋಡಿ ಎಂದು ನಾನು ಹೇಳಿಕೊಡುತ್ತೇನೆ. ಮೂತಿ ಸಮವಾಗಿ ಕುಳಿತು, ಹಿಂದಿನ ಬಿಳಿನೊರೆ ನಿಂತುಹೋಗಿದ್ದರೆ ಸರಿಯಾದ ವೇಗ. ಕ್ಯಾನೋ ದಾಟಿದ ತಕ್ಷಣ ಎಂಜಿನ್ ಏರಿಸಿದರೂ ಅದೇ ದಿಬ್ಬ ಮತ್ತೆ ಏಳುತ್ತದೆ. ಸ್ವಲ್ಪ ದೂರ ತಾಳಿಕೊಳ್ಳಬೇಕು.

ನಿಮ್ಮ ಕಡೆಯಿಂದಲೂ ಒಂದು ತಿದ್ದುಪಡಿ ಬೇಕು. ದಂಡೆಗೆ ಅಂಟಿಕೊಂಡಿದ್ದು ಸುರಕ್ಷಿತ ಅನಿಸಿತ್ತು, ಅಲ್ಲವೇ? ನೀರಿನ ಆಳ ಕಡಿಮೆಯಿರುವ ಕಡೆ ಅಲೆ ಕಡಿದಾಗಿ ಮುರಿಯುತ್ತದೆ. ದಂಡೆ ಕಲ್ಲುಗೋಡೆಯಾಗಿದ್ದರೆ ಬಡಿದು ಹಿಂದಿರುಗಿ, ಮುಂದಿನ ಅಲೆಯೊಡನೆ ಸೇರಿ ಎತ್ತ ಕಡೆಯಿಂದ ಬರುತ್ತದೆಂದು ತಿಳಿಯದಂತೆ ಕುಣಿಸುತ್ತದೆ. ದಂಡೆಯಿಂದ ಮೂರು ನಾಲ್ಕು ಕ್ಯಾನೋ ಉದ್ದದಷ್ಟು ಜಾಗ ಬಿಟ್ಟುಕೊಂಡಿರಿ. ಅಲೆ ಬರುವ ಮುನ್ನ ಮೂತಿಯನ್ನು ಅದರ ಕಡೆಗೆ, ತುಸು ಓರೆಯಾಗಿ ತಿರುಗಿಸಿ. ಹುಟ್ಟನ್ನು ನೀರಿನಿಂದ ಎತ್ತಬೇಡಿ. ಭಯಕ್ಕೆ ಎರಡೂ ಕೈಗಳಿಂದ ಅಂಚು ಹಿಡಿದುಕೊಳ್ಳುವವರೇ ಹೆಚ್ಚಾಗಿ ಮಗುಚುತ್ತಾರೆ. ಸೊಂಟ ಸಡಿಲ ಬಿಟ್ಟು ಕ್ಯಾನೋವನ್ನು ಕೆಳಗೆ ತೂಗಾಡಲು ಬಿಡಿ.

ಮೋಟಾರ್ ದೋಣಿಯ ಮಾಲೀಕರೊಬ್ಬರು: ನಮ್ಮ ಮಾತನ್ನೂ ಕೇಳಿ ಸರ್. ತಿರುವಿನಲ್ಲಿ ಎಂಟು ಕ್ಯಾನೋಗಳು ನದಿಯ ಅಗಲಕ್ಕೂ ಹರಡಿಕೊಂಡು ಮಾತಾಡುತ್ತಾ ಬರುತ್ತವೆ. ಹಾರ್ನ್ ಮಾಡಿದರೆ ನಾಲ್ಕು ಎಡಕ್ಕೆ, ನಾಲ್ಕು ಬಲಕ್ಕೆ. ನನ್ನ ದೋಣಿಗೆ ಬ್ರೇಕ್ ಇಲ್ಲ. ಕೇಳಿದರೆ “ಹುಟ್ಟಿನ ದೋಣಿಗೆ ಮೋಟಾರ್ ದೋಣಿ ಯಾವಾಗಲೂ ದಾರಿ ಬಿಡಬೇಕು, ಅದೇ ಕಾನೂನು” ಎನ್ನುತ್ತಾರೆ. ನಿಜವೇ?

ತರಬೇತುದಾರರು: ಹಾಗೆಂದು ನಂಬಿ ನೀರಿಗಿಳಿದವರ ಬಗ್ಗೆ ನನಗೆ ನಿಜಕ್ಕೂ ಚಿಂತೆಯಾಗುತ್ತದೆ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳು 1972ರಲ್ಲಿ ಒಪ್ಪಿಗೆ ಪಡೆದು 1977ರಿಂದ ಜಾರಿಯಲ್ಲಿವೆ. ಒಳನಾಡಿನ ನದಿಗಳಿಗೆ ಪ್ರತಿ ದೇಶಕ್ಕೂ ತನ್ನದೇ ನಿಯಮಗಳಿದ್ದರೂ, ಹೆಚ್ಚಿನವುಗಳಲ್ಲಿ ಇವುಗಳ ನೆರಳು ಕಾಣುತ್ತದೆ. ಯಾರು ಯಾರಿಗೆ ದಾರಿ ಬಿಡಬೇಕು ಎಂದು ಹೇಳುವ 18ನೇ ನಿಯಮದ ಪ್ರಕಾರ ಮೋಟಾರ್ ದೋಣಿ ಹಾಯಿದೋಣಿಗೆ ದಾರಿ ಬಿಡಬೇಕು, ನಿಯಂತ್ರಣ ತಪ್ಪಿದ ದೋಣಿಗೆ ಬಿಡಬೇಕು, ಬಲೆ ಹಾಕಿ ಮೀನು ಹಿಡಿಯುತ್ತಿರುವ ದೋಣಿಗೆ ಬಿಡಬೇಕು. ಹುಟ್ಟಿನ ದೋಣಿಯ ಹೆಸರು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದಕ್ಕಿಂತ ಮುಖ್ಯವಾದದ್ದು 9ನೇ ನಿಯಮ. ಕಿರಿದಾದ ಕಾಲುವೆಯಲ್ಲಿ ಎಲ್ಲರೂ ತಮ್ಮ ಬಲಬದಿಯ ಅಂಚಿಗೆ ಸರಿದು ಸಾಗಬೇಕು. ಆಳವಾದ ನಡುದಾರಿ ಬಿಟ್ಟರೆ ಬೇರೆಡೆ ಹೋಗಲಾರದ ದೊಡ್ಡ ದೋಣಿಗೆ, 20 ಮೀಟರಿಗಿಂತ ಚಿಕ್ಕ ದೋಣಿಗಳು ಅಡ್ಡಿಯಾಗಬಾರದು. ಕ್ಯಾನೋ 20 ಮೀಟರಿಗಿಂತ ಚಿಕ್ಕದೇ ತಾನೇ?

ಹಾಗೆಂದು ನಿಮ್ಮ ಹೊಣೆ ಇಳಿಯಲಿಲ್ಲ. ಹಿಂದಿನಿಂದ ಬಂದು ದಾಟುವವರು ಮುಂದಿನವರಿಂದ ದೂರವಿರಬೇಕು. ಸದಾ ಸುತ್ತ ಕಣ್ಣಿಟ್ಟಿರಬೇಕು, ನಿಲ್ಲಿಸಲು ಸಾಧ್ಯವಾಗುವ ವೇಗದಲ್ಲೇ ಹೋಗಬೇಕು. ತಿರುವಿನಾಚೆ ಏನಿದೆ ಎಂದು ಕಾಣದಿರುವಾಗ ಬ್ರೇಕ್ ಇಲ್ಲ ಎಂಬ ನಿಮ್ಮ ಮಾತೇ ನಿಧಾನವಾಗಿ ಹೋಗಲು ಸಾಕಷ್ಟು ಕಾರಣ.

ಕಣ್ಣಿನ ವಿಚಾರ ಬಂದಿದ್ದರಿಂದ ಒಂದು ಘಟನೆ. ಕ್ಯಾನೋ ಕಲಿಸುವ ಸಹೋದ್ಯೋಗಿಯೊಬ್ಬರನ್ನು ಒಮ್ಮೆ ಮೋಟಾರ್ ದೋಣಿಯ ಚುಕ್ಕಾಣಿಗೆ ಕೂರಿಸಿದೆ. ನೇರ ಮುಂದೆ, ಸಾಕಷ್ಟು ದೂರದಲ್ಲಿ, ಕಿತ್ತಳೆ ಬಣ್ಣದ ಕ್ಯಾನೋದಲ್ಲಿ ನಮ್ಮದೇ ವಿದ್ಯಾರ್ಥಿ. ಥ್ರಾಟಲ್ ಒತ್ತುತ್ತಿದ್ದಂತೆ ಮೂತಿ ಮೇಲೆದ್ದಿತು; ಕ್ಯಾನೋ ಇದ್ದ ಜಾಗದಲ್ಲಿ ಬಿಳಿಯ ಫೈಬರ್ ಮತ್ತು ಆಕಾಶ ಬಿಟ್ಟು ಏನೂ ಇಲ್ಲ. ಅವರು ಥ್ರಾಟಲ್ ಬಿಟ್ಟು ಎದ್ದು ನಿಂತೇಬಿಟ್ಟರು. ಕ್ಯಾನೋದಲ್ಲಿ ಕುಳಿತವರ ತಲೆ ನೀರಿನಿಂದ ಒಂದು ಮೀಟರ್ ಎತ್ತರವೂ ಇರುವುದಿಲ್ಲ. ಅವತ್ತಿನಿಂದ ಆ ಸಹೋದ್ಯೋಗಿ ತಮ್ಮ ಎಲ್ಲ ಹುಟ್ಟುಗಳ ಅಲಗಿಗೂ ಹೊಳೆಯುವ ಹಳದಿ ಬಣ್ಣ ಬಳಿಸಿದ್ದಾರೆ. ಬೀಸುವ ಹುಟ್ಟು ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ.

ಎರಡು ಕಡೆಗೆ ಚೆದುರುವ ಗುಂಪಿನ ಬಗ್ಗೆ ನೀವು ಹೇಳಿದ್ದು ಪೂರ್ತಿ ಸರಿ. ಯಾವ ದಂಡೆಗೆ ಸರಿಯಬೇಕೆಂದು ನೀರಿಗಿಳಿಯುವ ಮುಂಚೆಯೇ ಗುಂಪು ಮಾತಾಡಿಕೊಂಡಿರಬೇಕು. ಅನುಭವಿಯೊಬ್ಬರು ಮುಂದೆ, ಇನ್ನೊಬ್ಬರು ಕೊನೆಯಲ್ಲಿ. ಉಳಿದವರು ಸಾಲಾಗಿ.

ಅದೇ ಮಾಲೀಕರು: ಹಾರ್ನ್ ಮಾಡಿದರೆ ಕ್ಯಾನೋದವರು ಬೈಯುತ್ತಾರೆ ಸರ್. ಮಾಡಬೇಕೋ ಬೇಡವೋ?

ತರಬೇತುದಾರರು: ಮಾಡಿ. ಹಾರ್ನಿಗೂ ಭಾಷೆ ಇದೆ. ಕಾಣದ ತಿರುವಿಗೆ ಮುನ್ನ ನಾಲ್ಕರಿಂದ ಆರು ಸೆಕೆಂಡಿನ ಒಂದು ದೀರ್ಘ ಸದ್ದು: “ನಾನು ಬರುತ್ತಿದ್ದೇನೆ.” ಒಂದು ಚಿಕ್ಕ ಸದ್ದು ಬಲಕ್ಕೆ ತಿರುಗುತ್ತಿದ್ದೇನೆ ಎಂದು, ಎರಡು ಎಡಕ್ಕೆ, ಮೂರು ಎಂಜಿನ್ ಹಿಮ್ಮುಖವಾಗಿದೆ ಎಂದು. ಬೇಗಬೇಗನೆ ಐದು ಸದ್ದು ಕೇಳಿದರೆ ಕ್ಯಾನೋದವರು ಸಿಟ್ಟು ಎಂದುಕೊಳ್ಳುತ್ತಾರೆ. ಅದರ ನಿಜವಾದ ಅರ್ಥ “ನೀವು ಏನು ಮಾಡಹೊರಟಿದ್ದೀರಿ ಎಂದು ನನಗೆ ತಿಳಿಯುತ್ತಿಲ್ಲ.” ಅದಕ್ಕೆ ಉತ್ತರ ಕೊಡುವುದು ಸುಲಭ: ಎಲ್ಲರೂ ಒಂದೇ ಕಡೆಗೆ, ಎದ್ದು ಕಾಣುವಂತೆ ಸರಿಯುವುದು.

ಕಯಾಕ್ ನಡೆಸುವವರು: ಸರಕು ತುಂಬಿದ ದೊಡ್ಡ ಬಾರ್ಜ್‌ಗಳಿರುವ ನದಿಯಲ್ಲೂ ಇದೇ ಲೆಕ್ಕವೇ?

ತರಬೇತುದಾರರು: ಅಲ್ಲಿ ಲೆಕ್ಕ ಹಾಕಬೇಡಿ, ದೂರ ಇರಿ. ಬಾರ್ಜ್ ನಡೆಸುವವರಿಗೆ ತಮ್ಮ ಮೂತಿಯ ಮುಂದೆ ನೂರಾರು ಮೀಟರ್ ನೀರು ಕಾಣದೇ ಇರಬಹುದು, ಕಂಡರೂ ತಕ್ಷಣ ನಿಲ್ಲಿಸಲಾಗದು. ತಿರುವಿನಲ್ಲಿ ಆಳವೂ ಸೆಳವೂ ಹೊರಬದಿಗೆ ಇರುವುದರಿಂದ ಅದು ಅತ್ತ ಬೀಸಿಕೊಂಡು ಬರುತ್ತದೆ. ನೀವು ಒಳಬದಿಯಲ್ಲಿರಿ. ನದಿ ದಾಟಬೇಕಾದರೆ ಅದರ ಹಿಂದಿನಿಂದ ದಾಟಿ. ಅದು ಹಾದುಹೋಗುವಾಗ ದಂಡೆಯ ನೀರು ಮೊದಲು ಹಿಂದಕ್ಕೆ ಸೆಳೆದು ತಳ ಕಾಣುವಷ್ಟು ಇಳಿದು, ಆಮೇಲೆ ಒಮ್ಮೆಲೇ ನುಗ್ಗಿ ಬರಬಹುದು. ದಡದಲ್ಲಿ ಆಡುವ ಮಕ್ಕಳಿರುವವರು ಇದನ್ನು ತಿಳಿದಿರಲೇಬೇಕು.

ಗಾಳ ಹಾಕುವವರು: ಸರ್, ಮೂರು ತಾಸು ತಾಳ್ಮೆಯಿಂದ ಕುಳಿತಿರುತ್ತೇವೆ. ಕ್ಯಾನೋ ನೇರವಾಗಿ ದಾರದ ಮೇಲೆಯೇ ಬರುತ್ತದೆ. ಕೋಪ ಬಾರದೇ ಇರುತ್ತದೆಯೇ?

ತರಬೇತುದಾರರು: ಕೋಪ ಬರುವುದು ಸಹಜ. ಆದರೆ ಕ್ಯಾನೋದಲ್ಲಿ ಕುಳಿತವರಿಗೆ ಗಾಳದ ಕೋಲು ಕಾಣುತ್ತದೆ, ದಾರ ಕಾಣುವುದಿಲ್ಲ. ಬಿಸಿಲು ನೀರಿನ ಮೇಲಿದ್ದರೆ ಕೋಲೂ ಕಾಣುವುದಿಲ್ಲ. ಕ್ಯಾನೋದವರು ಗಾಳ ಹಾಕುವವರನ್ನು ಕಂಡೊಡನೆ “ದಾರ ಎತ್ತ ಇದೆ? ಯಾವ ಕಡೆಯಿಂದ ಹೋಗಲಿ?” ಎಂದು ದೂರದಿಂದಲೇ ಕೇಳಬೇಕು. ಉತ್ತರ ಬಂದ ಕಡೆಯಿಂದ, ಹುಟ್ಟಿನ ಸದ್ದು ಮಾಡದೆ ತೇಲಿ ಹೋಗಬೇಕು. ನದಿ ತುಂಬಾ ಕಿರಿದಾಗಿದ್ದರೆ ನೀವೂ ಒಂದು ಸಹಾಯ ಮಾಡಬಹುದು: ಕೋಲಿನ ತುದಿಯನ್ನು ನೀರಿನೊಳಗೆ ಅದ್ದಿ ಹಿಡಿಯಿರಿ. ದಾರ ಮುಳುಗುತ್ತದೆ, ಕ್ಯಾನೋ ಮೇಲಿನಿಂದ ಹೋಗುತ್ತದೆ.

ಮೋಟಾರ್ ದೋಣಿಯವರಿಗೆ ದಾರವೆಂದರೆ ಖರ್ಚಿನ ವಿಷಯ. ಪ್ರೊಪೆಲ್ಲರಿನ ದಂಡಕ್ಕೆ ಸುತ್ತಿಕೊಂಡ ನೈಲಾನ್ ದಾರ ಒಳಗಿನ ಸೀಲನ್ನು ಕೊಯ್ಯುತ್ತದೆ, ಗೇರ್ ಎಣ್ಣೆ ಹೊರಗೆ, ನೀರು ಒಳಗೆ. ತುಂಡಾದ ದಾರವನ್ನು ದಡದಲ್ಲಿ ಬಿಡಬೇಡಿ ಎಂದು ಗಾಳದವರನ್ನು ಕೈಮುಗಿದು ಕೇಳುತ್ತೇನೆ. ಕಾಲಿಗೆ ದಾರ ಬಿಗಿದ ನೀರುಹಕ್ಕಿಯನ್ನು ಬಿಡಿಸಿದ್ದೇನೆ. ಕಾಲು ಉಳಿಯಲಿಲ್ಲ.

ಪಕ್ಷಿ ವೀಕ್ಷಕರು: ಹಕ್ಕಿಗಳ ಮಾತು ಬಂತು. ಕ್ಯಾನೋ ಸದ್ದಿಲ್ಲದೆ ಹೋಗುತ್ತದೆ, ಅದರಿಂದ ತೊಂದರೆ ಇಲ್ಲ ಅಲ್ಲವೇ?

ತರಬೇತುದಾರರು: ನಾನೂ ಮೊದಲು ಹಾಗೆಯೇ ನಂಬಿದ್ದೆ ಮೇಡಂ. ಮೋಟಾರಿನ ಸದ್ದು ದೂರದಿಂದಲೇ ಎಚ್ಚರಿಸುತ್ತದೆ. ಕ್ಯಾನೋ ಸದ್ದಿಲ್ಲದೆ ಬಂದು ಹಕ್ಕಿಯ ಎದುರೇ ಕಾಣಿಸಿಕೊಳ್ಳುತ್ತದೆ. ಮೋಟಾರ್ ಹೋಗಲಾರದ ಜೊಂಡಿನ ಒಳಗೂ ನುಗ್ಗುತ್ತದೆ. ಗುಳುಮುಳುಕ ಎಂಬ ನೀರುಹಕ್ಕಿಯ ಗೂಡು ಜೊಂಡಿನ ನಡುವೆ ನೀರಿನ ಮೇಲೆಯೇ ತೇಲುತ್ತಿರುತ್ತದೆ. ಅದನ್ನು ಮೋಟಾರಿನ ಅಲೆ ಮುಳುಗಿಸಬಹುದು, ಕ್ಯಾನೋದ ಮೂತಿ ಕೆಡವಬಹುದು. ಹಾನಿ ಎರಡರಿಂದಲೂ ಇದೆ. ಹಕ್ಕಿ ಮೇಯುವುದನ್ನು ನಿಲ್ಲಿಸಿ ಕತ್ತೆತ್ತಿ ನಿಮ್ಮನ್ನೇ ನೋಡುತ್ತಿದೆ ಎಂದರೆ ಆಗಲೇ ಹತ್ತಿರವಾಗಿದ್ದೀರಿ, ಹಿಂದಕ್ಕೆ ಸರಿಯಿರಿ. ಒಂದೇ ಹಕ್ಕಿ ನಿಮ್ಮ ಮುಂದೆ ಹಾರಿ ಕೂರುತ್ತಾ, ಮತ್ತೆ ಹಾರಿ ಕೂರುತ್ತಾ ಇದ್ದರೆ ನೀವು ಅದನ್ನು ಗೂಡಿನಿಂದ ದೂರಕ್ಕೆ ಅಟ್ಟುತ್ತಿರಬಹುದು. ಎದುರಿನ ದಂಡೆಗೆ ಸರಿದು ನಿಲ್ಲಿ, ಅದು ಸುತ್ತಿ ಹಿಂದಿರುಗಲಿ.

ಹೊಸ ಸದಸ್ಯರು: ವಾರಕ್ಕೊಂದು ನದಿಯಲ್ಲಿ ಕ್ಯಾನೋ ಇಳಿಸುತ್ತೇವೆ. ಪ್ರತಿ ಸಲ ತೊಳೆಯಬೇಕೇ?

ತರಬೇತುದಾರರು: ತೊಳೆಯಬೇಕು, ಪೂರ್ತಿ ಒಣಗಿಸಲೂಬೇಕು. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಪ್ರದೇಶದ ಜೀಬ್ರಾ ಮಸಲ್ ಎಂಬ ಪುಟ್ಟ ಚಿಪ್ಪುಜೀವಿ 1988ರಲ್ಲಿ ಉತ್ತರ ಅಮೆರಿಕದ ಮಹಾಸರೋವರಗಳ ಬಳಿ ಪತ್ತೆಯಾಯಿತು. ಹಡಗುಗಳು ಹೊತ್ತು ತಂದ ನೀರಿನಲ್ಲಿ ಬಂದದ್ದು. ಅಲ್ಲಿಂದ ಒಂದೊಂದೇ ಕೆರೆ, ನದಿಗೆ ಹರಡಿ ನೀರಿನ ಕೊಳವೆಗಳನ್ನೇ ಮುಚ್ಚಿಹಾಕಿತು. ಅದರ ಮರಿ ಕಣ್ಣಿಗೆ ಕಾಣದು, ಕ್ಯಾನೋದ ತಳದಲ್ಲಿ ಉಳಿದ ಒಂದು ಲೋಟ ನೀರು ಅದಕ್ಕೆ ಸಾಕು.

ಮತ್ತೊಬ್ಬ ಸದಸ್ಯರು: ಕತ್ತಲಾದ ಮೇಲೆ ಹುಟ್ಟು ಹಾಕಬಹುದೇ?

ತರಬೇತುದಾರರು: ಕೈಯಳತೆಯಲ್ಲಿ ಬಿಳಿ ಬೆಳಕಿನ ಟಾರ್ಚ್ ಇದ್ದು, ಡಿಕ್ಕಿ ತಪ್ಪುವಷ್ಟು ಮೊದಲೇ ತೋರಿಸಬಲ್ಲಿರಾದರೆ ನಿಯಮ ಒಪ್ಪುತ್ತದೆ. ನನ್ನ ವಿದ್ಯಾರ್ಥಿಗಳನ್ನು ಮೋಟಾರ್ ಓಡಾಡುವ ನೀರಿನಲ್ಲಿ ನಾನು ಕಳುಹಿಸುವುದಿಲ್ಲ.

ಕ್ಯಾನೋ ಕಲಿಯುತ್ತಿರುವವರು: ಸರ್, ಕೊನೆಯ ಪ್ರಶ್ನೆ. ಮಗುಚಿಬಿದ್ದಾಗ ಮೋಟಾರ್ ದೋಣಿಯವರೇ ಎತ್ತಲು ಬಂದರೆ ಏನು ಮಾಡಬೇಕು?

ತರಬೇತುದಾರರು: ಮೊದಲು ಉಸಿರು. ತಣ್ಣೀರಿಗೆ ಬಿದ್ದ ಮೊದಲ ನಿಮಿಷ ಏದುಸಿರು ಬರುತ್ತದೆ. ಲೈಫ್ ಜಾಕೆಟ್ ತೇಲಿಸಿ ಹಿಡಿದಿರುತ್ತದೆ, ಉಸಿರು ಹದಕ್ಕೆ ಬರುವವರೆಗೆ ಈಜಲು ಹೋಗಬೇಡಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಕೀಳುತ್ತದೆ, ಆದ್ದರಿಂದ ಆಮೇಲೆ ತಡಮಾಡಲೂ ಬಾರದು. ಕ್ಯಾನೋವನ್ನು ಬಿಡಬೇಡಿ. ನಿಮ್ಮ ತಲೆಗಿಂತ ಅದು ದೊಡ್ಡದಾಗಿ ಕಾಣುತ್ತದೆ. ಆದರೆ ಸೆಳವು ಇರುವ ಕಡೆ ಅದರ ಮೇಲ್ಬದಿಯಲ್ಲಿ, ಅಂದರೆ ನೀರು ಹರಿದುಬರುವ ಕಡೆಯಲ್ಲಿ ಇರಿ. ಕೆಳಗಿದ್ದರೆ ನೀರು ತುಂಬಿದ ಕ್ಯಾನೋ ನಿಮ್ಮನ್ನು ಬಂಡೆಗೆ ಒತ್ತಿಹಿಡಿಯುತ್ತದೆ. ಹುಟ್ಟನ್ನು ಎತ್ತಿ ಆಡಿಸಿ, ಸೀಟಿ ಊದಿ.

ದೋಣಿಯವರು ನಿಮ್ಮನ್ನು ತಮ್ಮ ಪಕ್ಕದಿಂದ ಎಳೆದುಕೊಳ್ಳಬೇಕು, ಹಿಂಭಾಗದಿಂದಲ್ಲ, ಎಂಜಿನ್ ಪೂರ್ತಿ ಆರಿಸಿ. ನ್ಯೂಟ್ರಲ್ ಎಂದು ಅವರು ಹೇಳಿದರೂ ಪ್ರೊಪೆಲ್ಲರ್ ತಿರುಗುತ್ತಿರಬಹುದು. “ಎಂಜಿನ್ ಆರಿಸಿ” ಎಂದು ಕೂಗಲು ಸಂಕೋಚ ಬೇಡ. ಸದ್ದು ನಿಂತ ಮೇಲೆಯೇ ಕೈ ಚಾಚಿ.